ನಾಲ್ಕನೆಯ ವಾರ

ಬಾಸೆಲ್ ನಗರದಲ್ಲಿ ಉದ್ಯೋಗದಲ್ಲಿದ್ದ ನಾನು 1972ರ ಬೇಸಗೆಯಲ್ಲಿ, ಬೆನ್ನುನೋವಿನ ನಿಮಿತ್ತ, ಗಡಿಯಾಚೆ ಜರ್ಮನಿಯಲ್ಲಿರುವ ಬಾಡೆನ್‌ವೈಲರಿಗೆ ಮೊದಲ ಸಲ ಹೋದೆನು. ಮ್ಯೂಲ್‌ಹೈಮಿನಲ್ಲಿ ರೈಲಿಳಿದು ಬಸ್ಸು ಹಿಡಿಯಬೇಕು. ಅಲ್ಲಿಂದ ಗುಡ್ಡವೇರುತ್ತಿದ್ದ ಪುಟ್ಟ ರೈಲು 1955ರಲ್ಲಿಯೇ ನಿಂತುಹೋಗಿತ್ತು. ದ್ರಾಕ್ಷಿತೋಟಗಳು ಮುಗಿದು ಶ್ವಾರ್ಟ್ಸ್‌ವಾಲ್ಡಿನ ಅರಣ್ಯವು ಆರಂಭವಾಗುವ ಸಂಧಿಯಲ್ಲಿ, 1165 ಮೀಟರು ಎತ್ತರದ ಬ್ಲೌಯೆನ್ ಪರ್ವತದ ಮಗ್ಗುಲಲ್ಲಿ ಒರಗಿಕೊಂಡಿರುವ ಊರು ಅದು.

ಹೆಸರು ಮಾತ್ರ ನನಗೆ ಹೊಸದಾಗಿರಲಿಲ್ಲ. ಕಮಲಾ ನೆಹರೂ ಅವರು ಇಲ್ಲಿಯ ಆರೋಗ್ಯಧಾಮದಲ್ಲಿ ಅಸ್ವಸ್ಥರಾಗಿ ಮಲಗಿದ್ದಾಗ, 1935ರ ಸೆಪ್ಟೆಂಬರ್ 4ರಂದು ಆಲ್ಮೋರದ ಸೆರೆಮನೆಯಿಂದ ಬಿಡುಗಡೆ ಹೊಂದಿದ ಜವಾಹರಲಾಲರು, ವಿಮಾನದಲ್ಲಿಯೂ ರೈಲಿನಲ್ಲಿಯೂ ಧಾವಿಸಿ ಐದನೆಯ ದಿನದ ಸಂಜೆ ಇಲ್ಲಿಗೆ ತಲುಪಿದುದನ್ನೂ, ತಮ್ಮ ಆತ್ಮಕಥೆಯ ಕಡೆಯ ಪುಟಗಳಿಗೆ ಈ ಊರಿನ ಹೆಸರನ್ನೇ ಹಾಕಿದುದನ್ನೂ ಕಾಲೇಜಿನ ದಿನಗಳಲ್ಲಿ ಓದಿದ್ದೆನು. ಕಮಲಾ ಅವರು ಮುಂದೆ ಲೊಸಾನಿಗೆ ಹೋಗಿ, 1936ರ ಫೆಬ್ರವರಿ 28ರಂದು ಅಲ್ಲಿಯೇ ತೀರಿಕೊಂಡರು.

ಚಿಕಿತ್ಸೆಗೆಂದು ಮೀಯಬೇಕಾಗಿದ್ದ ಬುಗ್ಗೆಯ ನೀರಿನ ಉಷ್ಣವೆಷ್ಟೆಂದು ಕೇಳಿ ನನಗೆ ನಗು ಬಂದಿತು: ಸುಮಾರು 26 ಡಿಗ್ರಿ! ಮಲೆನಾಡಿನ ಹಂಡೆಯ ನೀರನ್ನು ಹೊಯ್ದುಕೊಂಡು ಬೆಳೆದವನಿಗೆ ಅದು ತಣ್ಣೀರೇ ಸರಿ. ಆದರೂ ರೋಮನರು ಇದನ್ನೇ ಅರಸಿ ಬಂದು, ಒಂದೇ ಆಕಾರದ ಎರಡು ಭಾಗಗಳುಳ್ಳ ವಿಶಾಲ ಸ್ನಾನಗೃಹವನ್ನು ಕಟ್ಟಿದ್ದರು. ಶತಮಾನಗಳ ಕಾಲ ಮಣ್ಣಿನೊಳಗಿದ್ದು 1784ರಲ್ಲಿ ಹೊರಬಿದ್ದ ಅದರ ಗೋಡೆಗಳನ್ನು ನೋಡಿದರೆ, ಊರಿನ ಕಸುಬು ಎಷ್ಟು ಹಳೆಯದೆಂಬುದು ತಿಳಿಯುತ್ತದೆ. 1678ರ ಯುದ್ಧದಲ್ಲಿ ಹಾಳಾದ ಕೋಟೆಯ ಕೆಳಗೆ, ಇಳಿಜಾರಿಗೆ ಹೊಂದಿಕೊಂಡಂತೆ, ಆಗ ತಾನೇ ಕಟ್ಟಿದ, ಅತಿಥಿಗಳ ಸಭಾಭವನವಾದ ಹೊಸ ಕೂರ್‌ಹೌಸ್ ನಿಂತಿತ್ತು. ಕಾಂಕ್ರೀಟಿನ ಆ ಕಟ್ಟಡವನ್ನು ಊರವರು ಹೊಗಳುತ್ತಿದ್ದರು, ನನಗೆ ಹಿಡಿಸಲಿಲ್ಲ.

ವೈದ್ಯರ ಚೀಟಿಯಂತೆ ಬೆಳಿಗ್ಗೆ ಸ್ನಾನ, ಮಧ್ಯಾಹ್ನ ಬೀದಿಯಲ್ಲಿ ಕೆಮ್ಮಿದರೂ ಕೇಳಿಸುವಂಥ ನಿಶ್ಶಬ್ದ, ಸಂಜೆ ಉದ್ಯಾನದಲ್ಲಿ ವಾದ್ಯಗೋಷ್ಠಿ. ಅತಿಥಿಗಳಲ್ಲಿ ಬಹುಮಂದಿಯ ಖರ್ಚನ್ನು ವಿಮೆಯೇ ಹೊರುತ್ತಿದ್ದಿತು. ನಾನಿಳಿದಿದ್ದ ವಸತಿಗೃಹದ ಒಡತಿ, ಹದಿನಾಲ್ಕು ಕೋಣೆಗಳನ್ನು ಒಬ್ಬಳೇ ನಡೆಸುತ್ತಿದ್ದ ವಿಧವೆ, ತನ್ನ ವ್ಯಾಪಾರದ ಗುಟ್ಟನ್ನು ಕಾಫಿ ಬಸಿಯುತ್ತ ಹೇಳಿದಳು: “ಮೊದಲನೆಯ ವಾರ ದೂರುತ್ತಾರೆ, ಎರಡನೆಯ ವಾರ ನಿದ್ದೆ ಮಾಡುತ್ತಾರೆ, ಮೂರನೆಯ ವಾರ ಮಾತಾಡಲು ತೊಡಗುತ್ತಾರೆ. ನಾಲ್ಕನೆಯ ವಾರ ಮುಂದಿನ ಸಲಕ್ಕೆ ಕೋಣೆ ಗೊತ್ತುಮಾಡುತ್ತಾರೆ.” ಊರು ಮಾರುತ್ತಿದ್ದುದು ನೀರನ್ನಲ್ಲ, ಬಿಡುವನ್ನು ಎಂಬುದು ನನಗೆ ಹೊಳೆದದ್ದು ಆಗಲೇ.

ಎಲ್ಲರೂ ಗುಣವಾಗಿ ಹೋಗುತ್ತಿದ್ದರೆಂದಲ್ಲ. ರಷ್ಯದ ಲೇಖಕ ಚೆಕಾಫ್, ತಾನೇ ವೈದ್ಯನಾಗಿದ್ದು ಕ್ಷಯದ ಗತಿಯನ್ನು ಬಲ್ಲವನು, 1904ರ ಜೂನಿನಲ್ಲಿ ಪತ್ನಿಯೊಡನೆ ಬಂದು, ಜುಲೈ 15ರಂದು ಇಲ್ಲಿಯ ಹೋಟೆಲೊಂದರಲ್ಲಿ ಕಣ್ಮುಚ್ಚಿದನು. 1908ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯನ್ನು ಮೊದಲನೆಯ ಮಹಾಯುದ್ಧದಲ್ಲಿ ಲೋಹಕ್ಕಾಗಿ ಕರಗಿಸಿಬಿಟ್ಟರು.

ಅನಂತರ ಐದಾರು ಸಲ ಹೋದೆನು. ಪ್ರತಿ ಸಲವೂ ಅದೇ ಕೋಣೆ. 1996ರಲ್ಲಿ ಅಲ್ಲಿಯ ಸರಕಾರವು ವೆಚ್ಚ ತಗ್ಗಿಸಲು ಕಾನೂನು ಮಾಡಿ, ವಿಮೆಯ ನಾಲ್ಕು ವಾರಗಳ ಚಿಕಿತ್ಸೆಯನ್ನು ಮೂರಕ್ಕಿಳಿಸಿತು. ಮೂರು ವರ್ಷಕ್ಕೊಮ್ಮೆ ದೊರೆಯುತ್ತಿದ್ದುದನ್ನು ನಾಲ್ಕು ವರ್ಷಕ್ಕೊಮ್ಮೆ ಎಂದಿತು. ಲೆಕ್ಕದ ದೃಷ್ಟಿಯಿಂದ ಅದು ಅನ್ಯಾಯವೆಂದು ನಾನು ಹೇಳಲಾರೆ. ಆದರೆ ಕೋಣೆ ಗೊತ್ತುಮಾಡುವ ವಾರವೇ ಪಂಚಾಂಗದಿಂದ ಮಾಯವಾದ ಮೇಲೆ ವಿಧವೆಯ ಮನೆ ನಡೆಯುವುದೆಂತು?

2003ರಲ್ಲಿ ಕಡೆಯ ಸಲ ನೋಡಿದಾಗ ಆಕೆ ತೀರಿಕೊಂಡಿದ್ದಳು. ಮನೆಯನ್ನು ಭಾಗಮಾಡಿ, ದಿನದ ಬಾಡಿಗೆಗೆ ಬಿಟ್ಟಿದ್ದರು. ರೋಮನ್ ಗೋಡೆಗಳಿಗೆ 2001ರಲ್ಲಿ ಗಾಜಿನ ಕಮಾನು ಚಾವಣಿ ಬಂದಿದ್ದಿತು. ಕೂರ್‌ಹೌಸಿನ ವಿಷಯದಲ್ಲಿ ಅಸಮಾಧಾನಪಟ್ಟಿದ್ದ ನನ್ನ ಕಣ್ಣಿಗೆ ಇದು ತುಂಬ ಸೊಗಸಾಗಿ ಕಂಡಿತು. ಸಖಾಲಿನ್ ದ್ವೀಪದಿಂದ 1992ರಲ್ಲಿ ಬಂದ ಚೆಕಾಫನ ಹೊಸ ಪ್ರತಿಮೆಯೂ ಇದ್ದಿತು. ಹೊಸ ಸ್ನಾನಗೃಹದಲ್ಲಿ ಗಂಟೆಗಳ ಲೆಕ್ಕದ ಟಿಕೀಟು ಕೊಡುತ್ತಿದ್ದರು. ನಾನೂ ಮೂರು ಗಂಟೆಯ ಟಿಕೀಟು ಕೊಂಡು ಮಿಂದು, ಸಂಜೆಯ ಬಸ್ಸಿಗೇ ಬಾಸೆಲಿನ ದಾರಿ ಹಿಡಿದೆನು.