ಮೊಳಕೆಯಲ್ಲಿ ಸಿರಿ

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದವರು. ಜಾತ್ರೆಯಲ್ಲಿ ಹೋರಿಯ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಇದು ಹತ್ತು ವರ್ಷ ಗೇಯುವ ಎತ್ತೋ ಅಲ್ಲವೋ ಎಂದು ಹೇಳಿಬಿಡುವ ಹಿರಿಯರು ನಮ್ಮ ಸೀಮೆಯಲ್ಲಿ ಈಗಲೂ ಇದ್ದಾರೆ. ಈ ಗಾದೆಯ ಮೇಲೆಯೇ ಕೋಟ್ಯಂತರ ಡಾಲರುಗಳ ಪಣವೊಡ್ಡಿ, ಅದನ್ನೊಂದು ಮೂರು ದಿನದ ಹಬ್ಬವಾಗಿ ಆಚರಿಸುವ ದೇಶವೊಂದಿದೆ. ದೇಶ ಅಮೆರಿಕ, ಹಬ್ಬದ ಹೆಸರು ಡ್ರಾಫ್ಟ್.

ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೂ ಅಮೆರಿಕದ ಫುಟ್‌ಬಾಲಿಗೂ ಎಲ್ಲಿಯ ಸಂಬಂಧ ಎಂದು ಓದುಗರು ಹುಬ್ಬೇರಿಸಬಹುದು. ಸಂಬಂಧ ತಂದವನು ನಮ್ಮಣ್ಣನ ಮಗ. ಪುಣೆಯಲ್ಲಿ ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿದ್ದುಕೊಂಡೇ ಅವನು ಅಮೆರಿಕದವರ ಲೆಕ್ಕಪತ್ರ ನೋಡುವ ಕಂಪನಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತಾನೆ. ಅವನ ಜೊತೆ ಫೋನಿನಲ್ಲಿ ಮಾತಾಡುವ ಅಲ್ಲಿನವರು ವಾಷಿಂಗ್ಟನ್ ಊರಿನ ಸುತ್ತಮುತ್ತಲಿನವರು. ಕೆಲಸದ ಮಾತು ಮುಗಿದ ಮೇಲೆ ಅವರು ಆಡುವುದು ತಮ್ಮ ಊರಿನ ತಂಡದ ಸುದ್ದಿ. ಹೀಗೆ ತಿಪಟೂರು ತಾಲ್ಲೂಕಿನ ಹುಡುಗನೊಬ್ಬ ಪುಣೆಯಲ್ಲಿ ಕುಳಿತು ವಾಷಿಂಗ್ಟನ್ ಕಮಾಂಡರ್ಸ್ ತಂಡದ ಅಭಿಮಾನಿಯಾದ. ಅವನ ಹಿಂದೆ ನಮ್ಮ ಮನೆಯೂ ಆಯಿತು.

ಆ ಆಟಕ್ಕೆ ಫುಟ್‌ಬಾಲ್ ಎಂಬ ಹೆಸರಿದ್ದರೂ ಚೆಂಡು ಹೆಚ್ಚಾಗಿ ಕೈಯಲ್ಲೇ ಇರುತ್ತದೆ. ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದುವರಿಯಬೇಕು. ಇಲ್ಲವಾದರೆ ಚೆಂಡು ಎದುರಾಳಿಗೆ. ಈ ಹನ್ನೊಂದರಲ್ಲಿ ಚೆಂಡನ್ನು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಮದುವೆಮನೆಗೆ ಅಡಿಗೆಯವನಿದ್ದ ಹಾಗೆ. ಅವನು ಕೈಕೊಟ್ಟರೆ ಉಳಿದವರೆಲ್ಲ ಎಷ್ಟು ಓಡಾಡಿದರೂ ಊಟ ಎದ್ದಹಾಗೆಯೇ.

ಡ್ರಾಫ್ಟಿನ ವ್ಯವಸ್ಥೆ ನಮ್ಮ ಐ.ಪಿ.ಎಲ್. ಹರಾಜಿನಂತಲ್ಲ. ಹರಾಜಿನಲ್ಲಿ ದುಡ್ಡು ಮಾತಾಡುತ್ತದೆ. ಡ್ರಾಫ್ಟಿನಲ್ಲಿ ಸರದಿ ಮಾತಾಡುತ್ತದೆ. ಎನ್.ಎಫ್.ಎಲ್. ಎಂಬ ಅವರ ಸಂಸ್ಥೆಯಲ್ಲಿ 32 ತಂಡಗಳು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಕಾಲೇಜು ಆಟಗಾರರಲ್ಲಿ ಮೊದಲು ಆರಿಸಿಕೊಳ್ಳುವ ಹಕ್ಕು. ಗೆದ್ದು ಮೆರೆದ ತಂಡಕ್ಕೆ ಕೊನೆಯ ಸರದಿ. ಹೀಗೆ ಏಳು ಸುತ್ತು. ಉಳ್ಳವರೇ ಎಲ್ಲವನ್ನೂ ಬಾಚಿಕೊಳ್ಳಬಾರದು ಎಂಬ ಈ ಉಪಾಯವನ್ನು 1935ರಲ್ಲಿ ಸೂಚಿಸಿದವನು ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್. ಮೊದಲ ಡ್ರಾಫ್ಟ್ 1936ರಲ್ಲಿ ನಡೆದಾಗ ಮೊದಲು ಆಯ್ಕೆಯಾದವನು ಜೇ ಬರ್ವಾಂಗರ್ ಎಂಬ ಷಿಕಾಗೋ ವಿಶ್ವವಿದ್ಯಾಲಯದ ಹುಡುಗ. ಆ ಪುಣ್ಯಾತ್ಮ ಆ ಸಂಸ್ಥೆಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ! ಸಂಬಳದ ಮಾತು ಹೊಂದದೆ ಬೇರೆ ಉದ್ಯೋಗ ಹಿಡಿದ. ಮೊದಲ ಆಯ್ಕೆಗೇ ಇಂಥ ಶಕುನ.

ಆರಿಸುವ ಮೊದಲು ಹುಡುಗರನ್ನು ಇಂಡಿಯಾನಾಪೊಲಿಸ್ ನಗರಕ್ಕೆ ಕರೆಸಿ ಪರೀಕ್ಷೆ ಮಾಡುತ್ತಾರೆ. ನಲವತ್ತು ಗಜದ ಓಟ, ನಿಂತಲ್ಲಿಂದ ನೆಗೆತ, ಭಾರ ಎತ್ತುವುದು, ಎತ್ತರ, ತೂಕ, ಕಡೆಗೆ ಅಂಗೈಯ ಅಗಲ ಕೂಡ. ನಮಗೆ ಹೋರಿ ಜಾತ್ರೆಯ ನೆನಪಾಗಿ ನಗು ಬಂತು. ಮರುಕ್ಷಣವೇ ನಗು ನಿಂತಿತು. ಎಷ್ಟಾದರೂ ಅವರು ಮನುಷ್ಯರು. ಗುಲಾಮರ ಸಂತೆ ನಡೆದ ನಾಡಿನಲ್ಲಿ ಹೀಗೆ ಮೈ ಅಳೆಯುವುದು ಸರಿಯೇ ಎಂದು ಅಲ್ಲಿನವರೇ ಕೆಲವರು ಕೇಳಿದ್ದಾರೆ.

2024ರ ಏಪ್ರಿಲಿನಲ್ಲಿ ವಾಷಿಂಗ್ಟನ್ ತಂಡದ್ದು ಎರಡನೆಯ ಸರದಿ. ಹಿಂದಿನ ವರ್ಷ ಹದಿನೇಳು ಪಂದ್ಯಗಳಲ್ಲಿ ಅದು ಗೆದ್ದದ್ದು ನಾಲ್ಕೇ. ಮೊದಲ ಸರದಿಯ ಷಿಕಾಗೋ ತಂಡ ಕೇಲಬ್ ವಿಲಿಯಮ್ಸ್‌ನನ್ನು ಆರಿಸುವುದು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಎರಡನೆಯವನು ಯಾರು? ಜೇಡನ್ ಡೇನಿಯಲ್ಸನೋ, ಡ್ರೇಕ್ ಮೇಯೋ? ಈ ಪ್ರಶ್ನೆ ವಾರಗಟ್ಟಲೆ ನಮ್ಮ ಮನೆಯ ಊಟದ ಹೊತ್ತನ್ನು ನುಂಗಿತು.

ಡೇನಿಯಲ್ಸನಿಗೆ 23 ವರ್ಷ, ನಮ್ಮ ಹುಡುಗನಷ್ಟೇ ವಯಸ್ಸು. ಐದು ವರ್ಷ ಕಾಲೇಜಿನಲ್ಲಿ ಆಡಿ ಪಳಗಿದವನು. ಕಾಲೇಜು ಆಟಗಾರರಿಗೆ ಕೊಡುವ ಹೈಸ್‌ಮನ್ ಪಾರಿತೋಷಕವನ್ನು 2023ರಲ್ಲಿ ಗೆದ್ದವನು. ಜಿಂಕೆಯ ಹಾಗೆ ಓಡುತ್ತಾನೆ. ಆದರೆ ಮೈ ಸಣಕಲು. ಈ ಆಟದಲ್ಲಿ ಬೀಳುವ ಪೆಟ್ಟನ್ನು ತಡೆದಾನೆಯೇ? ಮೇಗೆ 21 ವರ್ಷ. ದಷ್ಟಪುಷ್ಟ ಆಳು, ತೋಳಿನಲ್ಲಿ ಬಲವಿದೆ. ಆದರೆ ಇನ್ನೂ ತಿದ್ದಬೇಕಾದವನು. ಒಬ್ಬ ಹಣ್ಣು, ಇನ್ನೊಬ್ಬ ದೋರೆಗಾಯಿ.

ನಾವು ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವರು, ದೋರೆಗಾಯಿಯ ಪಕ್ಷ ಹಿಡಿದೆವು. ಬಲಿಯುವುದಕ್ಕೆ ಇನ್ನೂ ಅವಕಾಶವಿರುವುದನ್ನು ಕೊಳ್ಳುವುದು ಲಾಭ ಎಂದು ವಾದಿಸಿದೆವು. ನಮ್ಮ ಮನೆಯವರು ಒಪ್ಪಲಿಲ್ಲ. “ಹಸಿದ ಮನೆಗೆ ಇವತ್ತೇ ಅನ್ನ ಬೇಕು. ನಾಲ್ಕೇ ಪಂದ್ಯ ಗೆದ್ದವರು ಕಾಯಿ ಹಣ್ಣಾಗುವವರೆಗೆ ಕಾಯುತ್ತ ಕೂತಾರೆಯೇ?” ಎಂದರು. ಏಳನೆಯ ತರಗತಿಯ ಮಗಳು ಇಬ್ಬರ ಭಾವಚಿತ್ರವನ್ನೂ ನೋಡಿ ತನ್ನ ತೀರ್ಪು ಕೊಟ್ಟಳು. ಅದರ ಆಧಾರ ಆಟವಾಗಿರಲಿಲ್ಲ.

ಡ್ರಾಫ್ಟ್ ನಡೆದದ್ದು ಡೆಟ್ರಾಯಿಟ್ ನಗರದಲ್ಲಿ, ಏಪ್ರಿಲ್ 25ರ ರಾತ್ರಿ ಎಂಟಕ್ಕೆ. ನಮಗೆ ಅದು 26ರ ಬೆಳಗಿನ ಐದೂವರೆ. ಅದೇ ದಿನ ನಮ್ಮ ತುಮಕೂರು ಕ್ಷೇತ್ರದಲ್ಲಿ ಲೋಕಸಭೆಯ ಮತದಾನ. ಅಲ್ಲಿ ಅಣ್ಣ ಆರಿಸುವುದಕ್ಕೆ ಸಿದ್ಧನಾಗುತ್ತಿದ್ದ. ಇಲ್ಲಿ ಅವನ ಮಗ ಆರಿಸುವುದನ್ನು ನೋಡುತ್ತಿದ್ದ. ವಾಷಿಂಗ್ಟನ್ ಡೇನಿಯಲ್ಸನನ್ನು ಕರೆಯಿತು. ಮೂರನೆಯ ಸರದಿಯ ನ್ಯೂ ಇಂಗ್ಲೆಂಡ್ ತಂಡ ಮೇಯನ್ನು ತೆಗೆದುಕೊಂಡಿತು.

ಆ ವರ್ಷ ನಮ್ಮ ಮನೆಯವರದೇ ಗೆಲುವು. ಡೇನಿಯಲ್ಸ್ ಬಂದ ವರ್ಷವೇ ವಾಷಿಂಗ್ಟನ್ ಹನ್ನೆರಡು ಪಂದ್ಯ ಗೆದ್ದು, ಅಂತಿಮ ಪಂದ್ಯಕ್ಕೆ ಒಂದು ಮೆಟ್ಟಿಲು ಉಳಿದಿರುವಾಗ ಸೋತಿತು. ಮೇಯ ತಂಡ ಗೆದ್ದದ್ದು ನಾಲ್ಕು. ಆದರೆ 2025ರಲ್ಲಿ ಡೇನಿಯಲ್ಸ್ ಗಾಯಗಳಿಂದ ಬಹಳ ಪಂದ್ಯ ಹೊರಗೆ ಕುಳಿತ. ಮೇಯ ತಂಡ ಹದಿನಾಲ್ಕು ಗೆದ್ದಿತು. ಈಗ ನಮ್ಮ ಮನೆಯಲ್ಲಿ ಕದನವಿರಾಮ. ಎರಡು ವರ್ಷದ ಲೆಕ್ಕದಲ್ಲಿ ಯಾರ ವಾದವೂ ನಿಲ್ಲಲಿಲ್ಲ, ಯಾರ ವಾದವೂ ಬೀಳಲಿಲ್ಲ.

ಇಂಥ ಚರ್ಚೆಗಳಿಗೆ ಹಿರಿಯಣ್ಣನಂತಿರುವುದು 1998ರ ಚರ್ಚೆ. ಇಂಡಿಯಾನಾಪೊಲಿಸ್‌ನ ಕೋಲ್ಟ್ಸ್ ತಂಡಕ್ಕೆ ಮೊದಲ ಸರದಿ. ಎದುರಿಗೆ ಇಬ್ಬರು: ಟೆನೆಸಿಯ ಪೇಟನ್ ಮ್ಯಾನಿಂಗ್, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಯಾನ್ ಲೀಫ್. ಮ್ಯಾನಿಂಗ್ ಆಟಗಾರನ ಮಗ, ಲೆಕ್ಕಾಚಾರದವನು. ಲೀಫ್ ಬಲಶಾಲಿ, ಇನ್ನೂ ಎತ್ತರಕ್ಕೆ ಏರಬಲ್ಲವನು ಎಂದು ಅನೇಕ ಪರಿಣತರೇ ಹೇಳುತ್ತಿದ್ದರು. ಕೋಲ್ಟ್ಸ್ ಮ್ಯಾನಿಂಗ್‌ನನ್ನು ಆರಿಸಿತು. ಸ್ಯಾನ್ ಡಿಯಾಗೋ ತಂಡ ಮೂರರಿಂದ ಎರಡಕ್ಕೆ, ಒಂದೇ ಸ್ಥಾನ ಮೇಲೇರುವುದಕ್ಕಾಗಿ, ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನೂ ಇಬ್ಬರು ಆಟಗಾರರನ್ನೂ ಬಿಟ್ಟುಕೊಟ್ಟು ಲೀಫ್‌ನನ್ನು ಪಡೆಯಿತು.

ಮುಂದಿನದು ಲೋಕಪ್ರಸಿದ್ಧ. ಲೀಫ್ ಒಟ್ಟು 25 ಪಂದ್ಯ ಆಡಿ ಮರೆಯಾದ. ಚಟಕ್ಕೆ ಬಿದ್ದು ಸೆರೆಮನೆಯನ್ನೂ ಕಂಡ. ಆ ಕಷ್ಟವನ್ನು ಮುಂದೆ ತಾನೇ ಬಹಿರಂಗವಾಗಿ ಹೇಳಿಕೊಂಡ. ಮ್ಯಾನಿಂಗ್ ಐದು ಸಲ ವರ್ಷದ ಶ್ರೇಷ್ಠ ಆಟಗಾರನಾದ. ಆದರೆ ನಮ್ಮ ಮನಸ್ಸು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಅಂಕಿ. ಮೊದಲ ವರ್ಷ ಮ್ಯಾನಿಂಗ್ ಎಸೆದ ಚೆಂಡುಗಳಲ್ಲಿ 28 ಎದುರಾಳಿಯ ಕೈಗೆ ಸಿಕ್ಕವು. ಹೊಸಬರಲ್ಲಿ ಅದೊಂದು ದಾಖಲೆ. ತಂಡ ಹದಿನಾರರಲ್ಲಿ ಗೆದ್ದದ್ದು ಮೂರು. ಆದರೂ ಒಂದು ಪಂದ್ಯಕ್ಕೂ ಅವನನ್ನು ಹೊರಗೆ ಕೂರಿಸಲಿಲ್ಲ. ಮರುವರ್ಷ ಅದೇ ತಂಡ ಗೆದ್ದದ್ದು ಹದಿಮೂರು.

ಸಸ್ಯಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಮಗೆ ಬೀಜದ ಮೊಳಕೆ ಪರೀಕ್ಷೆ ಮಾಡಿಸುತ್ತಿದ್ದರು. ಒದ್ದೆ ಕಾಗದದ ಮೇಲೆ ನೂರು ಬೀಜ ಇಟ್ಟು ಎಷ್ಟು ಮೊಳೆತವು ಎಂದು ಎಣಿಸುವುದು. ಬೀಜಕ್ಕೆ ಜೀವವಿದೆಯೇ ಇಲ್ಲವೇ ಎಂಬುದನ್ನು ಅದು ಹೇಳುತ್ತದೆ. ಹೊಲದಲ್ಲಿ ಮಳೆ ಬಂದೀತೇ, ಗೊಬ್ಬರ ಸಿಕ್ಕೀತೇ, ದನ ಮೇಯ್ದೀತೇ ಎಂಬುದನ್ನು ಹೇಳುವುದಿಲ್ಲ. ಇಂಡಿಯಾನಾಪೊಲಿಸ್‌ನ ಅಳತೆಪಟ್ಟಿ ಹೇಳುವುದೂ ಅಷ್ಟನ್ನೇ. 2000ದಲ್ಲಿ 198 ಜನರನ್ನು ಕರೆದ ಮೇಲೆ ಕರೆಸಿಕೊಂಡ ಟಾಮ್ ಬ್ರೇಡಿ ಏಳು ಸಲ ಸೂಪರ್ ಬೌಲ್ ಗೆದ್ದದ್ದು ಯಾವ ಪಟ್ಟಿಯಲ್ಲಿ ಬರೆದಿತ್ತು?

1998 ಎಂಬ ಇಸವಿ ನಮಗೆ ಇನ್ನೊಂದು ಕಾರಣಕ್ಕೆ ಮುಖ್ಯ. ಆ ವರ್ಷವೇ ನಮ್ಮ ಮನೆಯ ಜಗಲಿಯಲ್ಲೂ ಒಂದು ಡ್ರಾಫ್ಟ್ ನಡೆಯಿತು.

ನಾವು ಪಿ.ಯು.ಸಿ. ಮುಗಿಸಿದ್ದೆವು. ಎರಡು ವರ್ಷ ದೊಡ್ಡವನಾದ ಅಣ್ಣ ನಮಗಿಂತ ಹೆಚ್ಚು ಅಂಕ ತೆಗೆದು, ಅಪ್ಪನಿಗೆ ಕೈಯಾಸರೆಯಾಗಿ ತೋಟದಲ್ಲಿದ್ದ. ಕೊಬ್ಬರಿ ಮಾರಿ ಬಂದ ಹಣದಲ್ಲಿ ಒಬ್ಬನನ್ನು ತುಮಕೂರಿನಲ್ಲಿಟ್ಟು ಓದಿಸಬಹುದಿತ್ತು, ಇಬ್ಬರನ್ನು ಆಗುತ್ತಿರಲಿಲ್ಲ. ಯಾರನ್ನು? ಊರಿನ ಮೇಷ್ಟರು ಅಣ್ಣನ ಪಕ್ಷ. ಲೆಕ್ಕದಲ್ಲಿ ಅವನಿಗೆ ಸಮನಿಲ್ಲ ಎಂದರು. ಸೋದರಮಾವ ನಮ್ಮ ಪಕ್ಷ. ಓದು ಬಿಟ್ಟು ಎರಡು ವರ್ಷವಾದವನು ಮತ್ತೆ ಪುಸ್ತಕ ಹಿಡಿಯುವುದಿಲ್ಲ ಎಂದರು. ಅವ್ವ ಒಳಗಿನಿಂದ, ಇಬ್ಬರನ್ನೂ ಕಳಿಸಿ ಎಂದರು. ಅಪ್ಪ ಎಲ್ಲವನ್ನೂ ಕೇಳಿ ಎಲೆಯಡಿಕೆ ಉಗಿದು ಹೇಳಿದ್ದಿಷ್ಟು: “ಚಿಕ್ಕವನು ಹೋಗಲಿ. ಅವನ ಕೈಗೆ ಮಚ್ಚು ಕೊಟ್ಟರೆ ಕಾಯಿ ಬಿಟ್ಟು ಕಾಲಿಗೆ ಹಾಕಿಕೊಳ್ಳುತ್ತಾನೆ. ದೊಡ್ಡವನಿಲ್ಲದೆ ತೋಟ ಉಳಿಯುವುದಿಲ್ಲ.”

ಹೀಗೆ ನಾವು ಆಯ್ಕೆಯಾದೆವು. ಮನೆಗೆ ಬೇಕಾದವನನ್ನು ಮನೆ ಇಟ್ಟುಕೊಂಡಿತು. ಬಿಟ್ಟರೂ ನಡೆಯುವವನನ್ನು ಕಾಲೇಜಿಗೆ ಕೊಟ್ಟಿತು. ಮುಂದೆ ಸ್ಟಾಫ್ ಸೆಲೆಕ್ಷನ್ ಪರೀಕ್ಷೆ ಬರೆದೆವು. ಪುಣೆ ಎಂದು ಆದೇಶ ಬಂತು. ಟ್ರಂಕು ಹಾಸಿಗೆ ಹೊತ್ತು ಬಂದೆವು. ಅಮೆರಿಕದ ಹುಡುಗನಿಗೂ ನಮಗೂ ಇದೊಂದು ಸಾಮ್ಯ: ಯಾವ ಊರು ಬೇಕು ಎಂದು ಅವನನ್ನೂ ಕೇಳುವುದಿಲ್ಲ, ನಮ್ಮನ್ನೂ ಕೇಳಲಿಲ್ಲ. 2004ರಲ್ಲಿ ಈಲೈ ಮ್ಯಾನಿಂಗ್ ಸ್ಯಾನ್ ಡಿಯಾಗೋಗೆ ಹೋಗೆನೆಂದು ಹಟ ಹಿಡಿದು ನ್ಯೂಯಾರ್ಕ್ ಸೇರಿದ. ಅಂಥ ಹಟ ಗುಮಾಸ್ತರಿಗೆ ಹೇಳಿಸಿದ್ದಲ್ಲ.

ಆ ಮುಂದಿನ ವರ್ಷಗಳಲ್ಲೇ ತೆಂಗಿಗೆ ನುಸಿ ಬಿತ್ತು. ಕಾಯಿ ಸಣ್ಣದಾಯಿತು, ಕೊಬ್ಬರಿ ಕಡಿಮೆಯಾಯಿತು. ಎಷ್ಟೋ ಜನ ತೋಟ ಮಾರಿದರು. ಅಣ್ಣ ಮಾರಲಿಲ್ಲ. ನಡುವೆ ಬಾಳೆ ಹಾಕಿದ, ಹಸು ಕಟ್ಟಿದ, ಸಾಲ ತೀರಿಸಿದ, ನಮ್ಮ ಕೊನೆಯ ವರ್ಷದ ಫೀಜನ್ನೂ ಕಳಿಸಿದ. ಅಪ್ಪ ಹೇಳಿದಂತೆ ದೊಡ್ಡವನಿಂದಲೇ ತೋಟ ಉಳಿಯಿತು. ಮೇಷ್ಟರು ಹೇಳಿದಂತೆ ದೊಡ್ಡವನು ಓದಿದ್ದರೆ ಏನಾಗುತ್ತಿದ್ದ? ಇದನ್ನು ಒಂದು ರಾತ್ರಿ, ಮ್ಯಾನಿಂಗ್ ಮತ್ತು ಲೀಫ್ ಕಥೆ ಮುಗಿದ ಮೇಲೆ, ಅವನ ಮಗನೇ ಕೇಳಿದ: “ಚಿಕ್ಕಪ್ಪ, ಅಪ್ಪನನ್ನು ಕಳಿಸಿದ್ದರೆ?” ಪ್ರಶ್ನೆಯಲ್ಲಿ ಕಹಿಯಿರಲಿಲ್ಲ; ಲೆಕ್ಕ ಕೇಳುವ ಧ್ವನಿಯಿತ್ತು. ನಿಮ್ಮಪ್ಪ ನನಗಿಂತ ದೊಡ್ಡ ಕುರ್ಚಿಯಲ್ಲಿರುತ್ತಿದ್ದ, ತೋಟ ಮಾತ್ರ ಬೇರೆಯವರದಾಗಿರುತ್ತಿತ್ತು, ಎಂದೆವು. ಅವನು ತಲೆಯಾಡಿಸಿದ. ಒಪ್ಪಿದನೋ ಇಲ್ಲವೋ ತಿಳಿಯದು.

ಅಪ್ಪ ತೀರಿಕೊಂಡು ಆರು ವರ್ಷ. ಖಾತೆ ಇನ್ನೂ ಅವರ ಹೆಸರಿನಲ್ಲಿದೆ. ಸಮಪಾಲು ನಿನ್ನ ಹಕ್ಕು, ಬಿಡಬೇಡ ಎಂದು ಬುದ್ಧಿ ಹೇಳುವ ಬಂಧುಗಳು ಪುಣೆಯಲ್ಲೂ ಇದ್ದಾರೆ, ಊರಿನಲ್ಲೂ ಇದ್ದಾರೆ. ಕಾನೂನಿನಂತೆ ಅದು ಸರಿ. ಆದರೆ ನಾವಿಬ್ಬರೂ ದಂಪತಿಗಳು ಕೂತು ಲೆಕ್ಕ ಹಾಕಿದಾಗ ಕಂಡದ್ದು ಬೇರೆ. 1998ರಲ್ಲಿಯೇ ಒಂದು ಪಾಲು ನಮಗೆ ಸಂದಿದೆ. ಅದನ್ನು ನಾವು ತಿಂಗಳು ತಿಂಗಳೂ ಸಂಬಳದ ರೂಪದಲ್ಲಿ ಉಣ್ಣುತ್ತಿದ್ದೇವೆ. ನಮ್ಮ ಭಾಗವನ್ನು ಅಣ್ಣನಿಗೆ ಬಿಟ್ಟುಕೊಡುವುದಾಗಿ ಈ ಸಂಕ್ರಾಂತಿಗೆ ಹೋದಾಗ ಹೇಳಿದೆವು.

ಅಣ್ಣ ತಕ್ಷಣ ಏನೂ ಹೇಳಲಿಲ್ಲ. ಕಾಯಿ ಸುಲಿಯುವುದನ್ನು ಮುಗಿಸಿ, ಕೈ ಒರೆಸಿಕೊಂಡು, “ಬಾವಿಯ ಪಕ್ಕದ ಹತ್ತು ಮರ ನಿನ್ನ ಹೆಸರಿನಲ್ಲಿ ಇರಲಿ. ಎಲ್ಲ ಬಿಟ್ಟುಕೊಟ್ಟರೆ ಆಮೇಲೆ ಯಾವ ನೆಪದಲ್ಲಿ ಬರುತ್ತೀಯ?” ಎಂದ. ಹತ್ತು ಮರ ಎಂದು ಒಪ್ಪಿಕೊಂಡು ಬಂದೆವು. ಕಾಗದ ಪತ್ರ ಇನ್ನು ಆಗಬೇಕು.

ಪರಸ್ಥಳದಲ್ಲಿ ನೆಲೆಸಿದ ನಮ್ಮ ಬಂಧುಗಳಲ್ಲಿ ಇಂಥ ಜಗಲಿಯ ಆಯ್ಕೆಯಿಂದ ಹೊರಟು ಬಂದವರು ಬಹಳ ಮಂದಿ. ಹಿಂದೆ ಉಳಿದ ಅಣ್ಣನೋ ತಂಗಿಯೋ ಪ್ರತಿ ಮನೆಗೂ ಒಬ್ಬರಿದ್ದಾರು. ಯಾರನ್ನು ಆರಿಸಿದ್ದರೆ ಏನಾಗುತ್ತಿತ್ತು ಎಂಬ ಚರ್ಚೆ ಫುಟ್‌ಬಾಲಿನಲ್ಲಿ ಸೊಗಸು. ಮನೆಯಲ್ಲಿ ಅದಕ್ಕೆ ತೀರ್ಪಿಲ್ಲ. ಆರಿಸಿಕೊಂಡವರನ್ನೂ ಉಳಿಸಿಕೊಂಡವರನ್ನೂ ಮುಂದೆ ಹೇಗೆ ನೋಡಿಕೊಂಡೆವು ಎಂಬುದಕ್ಕೆ ಮಾತ್ರ ಲೆಕ್ಕ ಕೊಡಬಹುದು. ಮುಂದಿನ ಏಪ್ರಿಲಿಗೆ ಮತ್ತೆ ಡ್ರಾಫ್ಟ್ ಬರುತ್ತದೆ. ಅಷ್ಟರಲ್ಲಿ ಆ ಪತ್ರಕ್ಕೆ ಸಹಿ ಹಾಕಿ ಬರಬೇಕೆಂದು ನಾವು ರಜೆಗೆ ಅರ್ಜಿ ಕೊಟ್ಟಿದ್ದೇವೆ.