ನಾಲ್ಕು ತಲೆಮಾರಿನ ಪ್ರವಾಸ

ದೇಶ ಸುತ್ತಬೇಕು, ಕೋಶ ಓದಬೇಕೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ಮನೆಯ ಯಾರು ದೇಶ ಸುತ್ತಬೇಕೆಂಬದನ್ನು ಆ ಮಾತು ಹೇಳುವದಿಲ್ಲ. ಪ್ರವಾಸವೆಂದರೆ ಹರೆಯದವರ ಕೆಲಸ, ಮುದುಕರು ಮನೆ ಕಾಯಬೇಕು, ಕೂಸುಗಳು ಅವರ ಮಗ್ಗುಲಲ್ಲಿ ಇರಬೇಕು ಎಂಬ ತಿಳುವಳಿಕೆಯು ನಮ್ಮ ಮನೆತನಗಳಲ್ಲಿ ಬೇರೂರಿದೆ. ಇದಕ್ಕೆ ಯಾತ್ರೆಯೊಂದೇ ಅಪವಾದ. ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಕಟ್ಟಿದಾಗ ಅದರಲ್ಲಿ ಅಜ್ಜನಿಗೂ ಎಡೆಯುಂಟು, ತೊಟ್ಟಿಲ ಕೂಸಿಗೂ ಎಡೆಯುಂಟು. ದೇವರ ದರ್ಶನಕ್ಕೆ ಸಲ್ಲುವ ಈ ಪದ್ಧತಿಯು ನಾಡಿನ ದರ್ಶನಕ್ಕೆ ಏಕೆ ಸಲ್ಲಬಾರದೆಂದು ನಾವು ಬಹುದಿನಗಳಿಂದ ಯೋಚಿಸುತ್ತಿದ್ದೆವು. ಕಳೆದ ಚಳಿಗಾಲದಲ್ಲಿ ಅದನ್ನು ಪರೀಕ್ಷಿಸುವ ಯೋಗ ಒದಗಿ ಬಂದಿತು.

ನಮ್ಮದು ಅರಭಾವಿ, ಮೊದಲು ಗೋಕಾಕ ತಾಲೂಕಿಗೆ ಸೇರಿದ್ದು ಈಗ ಮೂಡಲಗಿ ತಾಲೂಕಿನ ಊರು. ನಮ್ಮ ತಮ್ಮನ ಮಗನು ಉದ್ಯೋಗನಿಮಿತ್ತವಾಗಿ ಹೆಂಡತಿ ಮಕ್ಕಳೊಡನೆ ಜರ್ಮನಿಯಲ್ಲಿ ನೆಲೆಸಿರುವನು. ಡಿಸೆಂಬರದ ರಜೆಗೆ ಬಂದವನು ಒಂದು ಸಂಜೆ ಪಡಸಾಲೆಯಲ್ಲಿ ಕುಳಿತು ಆ ದೇಶದ ಚಿತ್ರಗಳನ್ನು ಎಲ್ಲರಿಗೂ ತೋರಿಸಿದನು. ರೈನ್ ನದಿಯ ಬಿಂಗೆನ್ ಊರಿನಿಂದ ಕೊಬ್ಲೆಂಜ್ ಊರಿನವರೆಗಿನ ಸುಮಾರು 65 ಕಿಲೋಮೀಟರ ಹಾದಿಯಲ್ಲಿ ನಾಲ್ವತ್ತರಷ್ಟು ಕೋಟೆಗಳಿರುವವೆಂದೂ, 2002ರಲ್ಲಿ ಆ ಕಣಿವೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತೆಂದೂ ಹೇಳಿದನು. ಅಜ್ಜಿಯನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು, ಚಿಕ್ಕ ಚಿಕ್ಕ ಊರುಗಳನ್ನೂ ಕೋಟೆಗಳನ್ನೂ ತೋರಿಸಬೇಕೆಂಬದು ಅವನ ಹಂಬಲ.

ನಮ್ಮ ತಾಯಿಯವರಿಗೆ ಎಂಬತ್ತೆರಡು ವರ್ಷ. ಅವರು ಚಿತ್ರಗಳನ್ನೆಲ್ಲ ಲಕ್ಷ್ಯವಿಟ್ಟು ನೋಡಿ, “ಚಲೋ ಅದಾವಪಾ. ಆದರ ನನ್ನ ಮೊಣಕಾಲು ಇಮಾನ ಏರಾಕ ಒಲ್ಲೆ ಅಂತಾವ. ನಾ ಇನ್ನೂ ಕಿತ್ತೂರ ನೋಡಿಲ್ಲ. ಮೊದಲ ಅದನ್ನ ತೋರಸ್ರಿ” ಎಂದರು.

ನಾವು ಒಬ್ಬರ ಮೋರೆಯನ್ನೊಬ್ಬರು ನೋಡಿದೆವು. ಕಿತ್ತೂರ ಚೆನ್ನಮ್ಮನ ಪದ, ಸಂಗೊಳ್ಳಿ ರಾಯಣ್ಣನ ಪದಗಳನ್ನು ಬೀಸುವಾಗ, ಕುಟ್ಟುವಾಗ ಹಾಡಿ ನಮ್ಮನ್ನು ಬೆಳೆಸಿದ ತಾಯಿಯು, ಬೆಳಿಗ್ಗೆ ಹೊರಟರೆ ಸಂಜೆಗೆ ತಿರುಗಿ ಬರಬಹುದಾದ ಕಿತ್ತೂರನ್ನು ಕಂಡಿರಲಿಲ್ಲ. ಬಿತ್ತನೆ, ಸುಗ್ಗಿ, ಬಾಣಂತನ, ಲಗ್ನಗಳ ನಡುವೆ ಆಯುಷ್ಯವು ಸಂದುಹೋಗಿತ್ತು.

ಹೀಗಾಗಿ ಮೂರು ದಿನಗಳ ಪ್ರವಾಸವು ಗೊತ್ತಾಯಿತು. ತಾಯಿಯವರು, ನಿವೃತ್ತ ಕನ್ನಡ ಶಾಲೆಯ ಮಾಸ್ತರರಾದ ಎಪ್ಪತ್ತಾರು ವರ್ಷದ ಸೋದರಮಾವನವರು, ನಾವು ದಂಪತಿಗಳು, ತಮ್ಮನ ದಂಪತಿಗಳು, ನಮ್ಮ ಮಗಳು, ಜರ್ಮನಿಯ ನಾಲ್ವರು, ಹೀಗೆ ಹನ್ನೊಂದು ಜನ. ಬಾಡಿಗೆಯ ದೊಡ್ಡ ವಾಹನವೊಂದನ್ನು ಗೊತ್ತುಪಡಿಸಿದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಒಂದು ಮಡಿಚುವ ಕುರ್ಚಿ, ತಾಯಿಯವರ ಕೋಲು ಇವಿಷ್ಟು ಮುಖ್ಯ ಸಾಮಾನು. ಅವ್ವನ ಮೊಣಕಾಲು ಮತ್ತು ಕೂಸಿನ ಹಸಿವು ಇವೆರಡನ್ನೇ ಗಡಿಯಾರವೆಂದು ತಿಳಿಯಬೇಕೆಂದು ಸೋದರಮಾವನವರು ಕಟ್ಟಳೆ ವಿಧಿಸಿದರು.

ಮೊದಲನೆಯ ದಿನ ಹತ್ತಿರದ ಗೋಕಾಕದ ಧಬಧಬೆಗೆ ಹೋದೆವು. ಮಳೆಗಾಲದಲ್ಲಿ ಘಟಪ್ರಭೆಯು ಕುದುರೆಯ ಲಾಳದಂತಿರುವ ಬಂಡೆಯ ಅಂಚಿನಿಂದ 52 ಮೀಟರ ಕೆಳಕ್ಕೆ ಕೆಂಪಾಗಿ ಧುಮುಕುವಾಗ ದಂಡೆಯಲ್ಲಿ ನಿಂತವನ ಮಾತು ಮಗ್ಗುಲಲ್ಲಿದ್ದವನಿಗೆ ಕೇಳಿಸದು. ಡಿಸೆಂಬರದಲ್ಲಿ ನೀರು ಕಡಿಮೆ; ಬಂಡೆಯ ಪದರುಗಳೇ ಹೆಚ್ಚಾಗಿ ಕಾಣುವವು. ಹುಡುಗರಿಗೆ ತುಸು ನಿರಾಶೆಯಾಯಿತು. ಆಗ ಸೋದರಮಾವನವರು ನೂಲಿನ ಗಿರಣಿಯನ್ನು ತೋರಿಸಿ, 1887ರಿಂದ ಅದರ ಯಂತ್ರಗಳು ಈ ನೀರಿನ ಬಲದಿಂದಲೇ ತಿರುಗತೊಡಗಿದವೆಂದೂ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಅದಕ್ಕೂ ಹದಿನೈದು ವರ್ಷಗಳ ತರುವಾಯ, 1902ರಲ್ಲಿ ಎಂದೂ ವಿವರಿಸಿದರು. ಹತ್ತು ವರ್ಷದ ಹುಡುಗನು ತೂಗುಸೇತುವೆಯನ್ನೂ ನೀರಿನ ದಾರಿಯನ್ನೂ ನೋಡುತ್ತ ಬಹಳ ಹೊತ್ತು ನಿಂತನು. ತಾಯಿಯವರು ದಂಡೆಯ ಮೇಲಿನ ಮಹಾಲಿಂಗೇಶ್ವರನಿಗೆ ಕೈಮುಗಿದು ಬಂದರು. ಒಂದೇ ಧಬಧಬೆಯಲ್ಲಿ ಅವರವರಿಗೆ ಬೇಕಾದದ್ದು ಅವರವರಿಗೆ ದೊರೆಯಿತು. ಕರಿದ ಅಂಟಿನಿಂದ ಮಾಡುವ ಗೋಕಾಕದ ಕರದಂಟು ಮಾತ್ರ ಎಲ್ಲರಿಗೂ ಸಮನಾಗಿ ಸಂದಿತು.

ಅಲ್ಲಿಂದ ಹುಕ್ಕೇರಿಗೆ. ಆದಿಲಶಾಹಿ ಕಾಲದ ಗುಮ್ಮಟಗಳು ಆ ಊರಿನ ಗುರುತಾಗಿ ನಿಂತಿರುವವು. ಹೊರಗಿನ ಬಿಸಿಲಿನಿಂದ ಗುಮ್ಮಟದ ತಂಪಿಗೆ ಕಾಲಿಟ್ಟೊಡನೆ ಮಕ್ಕಳು ತಾವಾಗಿಯೇ ದನಿ ತಗ್ಗಿಸಿದರು. ಮುಂದೆ ಸಂಕೇಶ್ವರದ ಹತ್ತಿರ ಹೆದ್ದಾರಿಯ ಮಗ್ಗುಲಲ್ಲಿ ವಲ್ಲಭಗಡವಿದೆ. ಗುಡ್ಡದ ತುದಿಯ ಕೋಟೆಯಾದುದರಿಂದ ಹರೆಯದವರೂ ಮಕ್ಕಳೂ ಏರಿದರು. ನಾವು ಹಿರಿಯರೊಡನೆ ಬುಡದಲ್ಲಿ ಕುಳಿತೆವು. ಇಳಿದು ಬಂದ ಮಕ್ಕಳು ಏದುಸಿರು ಬಿಡುತ್ತ ಮೇಲಿನ ಗೋಡೆ ಹೇಗಿದೆ, ಗಾಳಿ ಹೇಗೆ ಬೀಸುತ್ತದೆ, ಹೆದ್ದಾರಿಯ ಮೇಲಿನ ಲಾರಿಗಳು ಅಲ್ಲಿಂದ ಎಷ್ಟು ಸಣ್ಣದಾಗಿ ಕಾಣುವವು ಎಂಬದನ್ನೆಲ್ಲ ತಮ್ಮ ಅರೆಬರೆ ಕನ್ನಡದಲ್ಲಿ ಮುತ್ತಜ್ಜಿಗೆ ಹೇಳಿದರು. ಶಬ್ದ ತಿಳಿಯದಲ್ಲಿ ಕೈಮಾಡಿ ತೋರಿಸಿದರು. ಹಿರಿಯರು ಹೇಳಬೇಕು, ಕಿರಿಯರು ಕೇಳಬೇಕು ಎಂಬ ವಾಡಿಕೆಯು ಅಲ್ಲಿ ತಿರುಗುಮುರುಗಾಯಿತು. ಕಾಲು ಹೋಗದ ಕಡೆಗೆ ಮೊಮ್ಮಕ್ಕಳ ಕಣ್ಣು ಹೋಗಿ ಬರಬಲ್ಲದೆಂಬದು ನಮಗೆ ತಿಳಿಯಿತು.

ಎರಡನೆಯ ದಿನ ಬೆಳಿಗ್ಗೆ ಬೆಳಗಾವಿಯ ಕೋಟೆ. ಬಾಗಿಲಲ್ಲಿ ಗಣಪತಿ ಮತ್ತು ದುರ್ಗೆಯ ಗುಡಿಗಳು. ಒಳಗೆ ಕಮಲ ಬಸದಿ, ಸಫಾ ಮಸೀದಿ, ರಾಮಕೃಷ್ಣ ಆಶ್ರಮ. ಬಸದಿಯನ್ನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು 1204ರಲ್ಲಿ ಕಟ್ಟಿಸಿದನು. ಛತ್ತಿನಲ್ಲಿ ಬೋರಲಾಗಿ ಅರಳಿದ ಕಲ್ಲಿನ ಕಮಲವನ್ನು ನೋಡಲು ನಾವೆಲ್ಲರೂ ಕತ್ತು ನೋಯುವವರೆಗೆ ತಲೆಯೆತ್ತಿ ನಿಂತೆವು. ಆರು ವರ್ಷದ ಹುಡುಗಿಯಾದರೋ ನೆಲದ ಮೇಲೆ ಅಂಗಾತ ಮಲಗಿಯೇ ಬಿಟ್ಟಳು. ಅದನ್ನು ನೋಡುವ ಸರಿಯಾದ ರೀತಿ ಅದೇ ಎಂದು ಸೋದರಮಾವನವರು ನಕ್ಕರು.

ಮಧ್ಯಾಹ್ನದ ತರುವಾಯ ಕಿತ್ತೂರನ್ನು ಮುಟ್ಟಿದೆವು. ಕೋಟೆಯ ಬಾಗಿಲಲ್ಲಿ ತಾಯಿಯವರು ಕಾಲೊಳಗಿನ ಚಪ್ಪಲಿಗಳನ್ನು ಕಳಚಿದರು. ಇದು ಗುಡಿಯಲ್ಲ, ಒಳಗೆ ಕಲ್ಲು ಮುಳ್ಳು ಇರುವವು ಎಂದು ನಾವು ಹೇಳಿದರೂ ಅವರು ಕೇಳಲಿಲ್ಲ. ಮೊಮ್ಮಗನ ಹೆಗಲ ಮೇಲೊಂದು ಕೈ, ಕೋಲಿನ ಮೇಲೊಂದು ಕೈ ಇಟ್ಟುಕೊಂಡು ಒಳಗೆ ನಡೆದರು. ಅರಮನೆಯಲ್ಲಿ ಈಗ ಉಳಿದಿರುವದು ಗೋಡೆಗಳು, ಬುನಾದಿಗಳು, ಬಾಗಿಲ ಕಮಾನುಗಳು ಇಷ್ಟೇ. ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಬಿಟ್ಟ ಕಿಂಡಿಯೊಂದಿದೆ. ಹುಡುಗನು ಅದಕ್ಕೆ ಕಣ್ಣು ಹಚ್ಚಿದಾಗ ಹಗಲಿನ ಬರಿಯ ಆಕಾಶ ಕಂಡಿತು.

ಮಡಿಚುವ ಕುರ್ಚಿಯನ್ನು ಹಾಳು ಗೋಡೆಯ ನೆರಳಿನಲ್ಲಿ ಹಾಕಿಕೊಟ್ಟೆವು. ತಾಯಿಯವರು ಕಥೆ ಹೇಳತೊಡಗಿದರು. 1824ರಲ್ಲಿ ಶಿವಲಿಂಗರುದ್ರ ಸರ್ಜನು ತೀರಿಕೊಂಡದ್ದು, ದತ್ತಕವನ್ನು ಕಂಪನಿಯವರು ಒಪ್ಪದೆ ಹೋದದ್ದು, ಅಕ್ಟೋಬರ 23ರಂದು ಕಲೆಕ್ಟರ ಥ್ಯಾಕರೆಯು ಕೋಟೆಯ ಮುಂದೆ ಬಂದು ಮಡಿದದ್ದು, ಡಿಸೆಂಬರದಲ್ಲಿ ದೊಡ್ಡ ದಂಡು ಮತ್ತೆ ಬಂದು ಕೋಟೆಯು ಬಿದ್ದದ್ದು. ಈ ತಾರೀಖುಗಳನ್ನು ಸೋದರಮಾವನವರು ನಡುನಡುವೆ ಪೂರೈಸಿದರು. ತಾಯಿಯವರ ಕಥೆಯಲ್ಲಿ ಇದ್ದದ್ದು ರಾಣಿಯ ಕುದುರೆ, ಅವಳ ಬಂಟರು, ಅಮಟೂರ ಬಾಳಪ್ಪನ ಗುರಿ. ಕಂಠ ನಡುಗಿದರೂ ಪದದ ನಾಲ್ಕು ನುಡಿಗಳನ್ನು ಹಾಡಿಯೂ ಹಾಡಿದರು. ಕೋಟೆ ನೋಡಲು ಬಂದ ಪರಸ್ಥಳದವರು ನಾಲ್ಕಾರು ಜನ ಸುತ್ತ ಬಂದು ನಿಂತರು.

ಹಾಡು ಮುಗಿದ ಮೇಲೆ ಹುಡುಗಿಯು, “ದೊಡ್ಡಾಯಿ, ಕಡೀಕ ರಾಣಿ ಯಾಕ ಗೆಲ್ಲಲಿಲ್ಲ?” ಎಂದು ಕೇಳಿದಳು. ನಾವೇನಾದರೂ ಉತ್ತರ ಹೇಳಬೇಕೆನ್ನುವಷ್ಟರಲ್ಲಿ ತಾಯಿಯವರೇ, “ಮೊದಲನೇ ಸಲ ಗೆದ್ಲವ್ವಾ, ಎರಡನೇ ಸಲ ಸೋತ್ಲು. ಆದರ ಸೋತ ರಾಣಿ ಹೆಸರು ನಿನಗ ಗೊತ್ತೈತಿ. ಎರಡನೇ ಸಲ ಗೆದ್ದ ಸಾಹೇಬನ ಹೆಸರು ಗೊತ್ತೈತೇನು?” ಎಂದರು. ಹುಡುಗಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿ ನಿಂತ ಯಾರಿಗೂ ಆ ಹೆಸರು ನೆನಪಾಗಲಿಲ್ಲ.

ಅದೇ ನೆರಳಿನಲ್ಲಿ ತಮ್ಮನ ಮಗನು ಹೈಡೆಲ್‌ಬರ್ಗ್ ಎಂಬ ಊರಿನ ಕೋಟೆಯ ಸಂಗತಿಯನ್ನು ಹೇಳಿದನು. ಅದನ್ನು ಫ್ರೆಂಚರ ದಂಡು 1689ರಲ್ಲಿಯೂ 1693ರಲ್ಲಿಯೂ ಹಾಳುಮಾಡಿತು. 1764ರಲ್ಲಿ ಸಿಡಿಲೂ ಬಡಿಯಿತು. ಊರವರು ಅದರ ಕಲ್ಲುಗಳನ್ನು ತಮ್ಮ ಮನೆಗಳಿಗೆ ಒಯ್ಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಚಾರ್ಲ್ಸ್ ದ ಗ್ರೇಂಬರ್ಗ್ ಎಂಬವನು ಬಂದು ನೆಲೆಸಿ, ಕಲ್ಲು ಕದಿಯುವವರನ್ನು ತಡೆದು, ಕೋಟೆಯ ಚಿತ್ರಗಳನ್ನು ಅಚ್ಚುಮಾಡಿಸಿ, ಯಾರ ಅಪ್ಪಣೆಯೂ ಇಲ್ಲದೆ ತಾನಾಗಿ ಅದರ ಕಾವಲುಗಾರನಾದನು. ಅವನು ಫ್ರೆಂಚನು. “ಕೆಡವಿದ ದೇಶದವನೇ ಕಾದನೇನು!” ಎಂದು ಸೋದರಮಾವನವರು ಬೆರಗಾದರು. ಆ ಹಾಳುಕೋಟೆಯನ್ನು ನೋಡಲು ಇಂದು ಜಗತ್ತಿನ ಜನವೆಲ್ಲ ಹೋಗುವದು.

ನಮ್ಮ ಕಿತ್ತೂರೂ ಅನಾಥವಾಗಿಲ್ಲ. ಕೋಟೆಯೊಳಗೆ ವಸ್ತುಸಂಗ್ರಹಾಲಯವಿದೆ, ಪ್ರತಿವರ್ಷ ಅಕ್ಟೋಬರದಲ್ಲಿ ಉತ್ಸವವು ಜರಗುವದು, 2007ರಲ್ಲಿ ದಿಲ್ಲಿಯ ಸಂಸತ್ ಭವನದ ಆವರಣದಲ್ಲಿ ರಾಣಿಯ ಪ್ರತಿಮೆಯೂ ನಿಂತಿತು. ಆದರೆ ಸರಕಾರವು ಕಾಯಬಲ್ಲದ್ದು ಗೋಡೆಯನ್ನು. ಗೋಡೆಗೆ ಹೊಂದಿದ ಕಥೆಯನ್ನು ಕಾಯುವವರು ಮನೆಯವರು. ತಾಯಿಯವರು ಹಾಡಿದ ಪದವು ನಮಗೆ ಅರ್ಧ ಬರುತ್ತದೆ. ನಮ್ಮ ಮಗಳಿಗೆ ಪಲ್ಲವಿಯಷ್ಟೇ ಬರುತ್ತದೆ. ಜರ್ಮನಿಯ ಮಕ್ಕಳಿಗೆ ಅಂದಿನವರೆಗೆ ಏನೂ ಬರುತ್ತಿರಲಿಲ್ಲ. ಹೀಗೆ ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಕೊಡವು ಬರಿದಾಗುವದನ್ನು ಅಲ್ಲಿ ಕಣ್ಣಾರೆ ಕಂಡೆವು. ನಮ್ಮ ಮಗಳು ಅಂದೇ ಸಂಜೆ ಅಜ್ಜಿಯ ಬಾಯಿಂದ ಇಡಿಯ ಪದವನ್ನು ಬರೆದುಕೊಳ್ಳಲು ಕುಳಿತಳು.

ಹೊತ್ತು ಮುಳುಗುವ ಮೊದಲು ಬೈಲಹೊಂಗಲಕ್ಕೆ ಬಂದೆವು. ಸೆರೆಯಲ್ಲಿದ್ದ ಚೆನ್ನಮ್ಮನು 1829ರಲ್ಲಿ ಇಲ್ಲಿಯೇ ತೀರಿಕೊಂಡಳು. ಇಲ್ಲಿಯೇ ಅವಳ ಸಮಾಧಿಯಿದೆ. ಹಿತ್ತಲಿನಿಂದ ತಂದ ಸೇವಂತಿಗೆ ಹೂಗಳು ಎರಡು ದಿನಗಳಲ್ಲಿ ಬಾಡಿದ್ದವು. ತಾಯಿಯವರು ಅವನ್ನೇ ಏರಿಸಿದರು. ಆಮೇಲೆ ಬಹಳ ಹೊತ್ತು ಯಾರೊಡನೆಯೂ ಮಾತಾಡಲಿಲ್ಲ. ಆ ರಾತ್ರಿ ವಸತಿಯಲ್ಲಿ ಅವರ ಮೊಣಕಾಲು ಬಾತುಕೊಂಡವು. ಸೊಸೆಯಂದಿರು ಬಿಸಿನೀರಿನ ಶಾಖ ಕೊಟ್ಟರು. ನಾಳೆ ನೆಟ್ಟಗೆ ಊರಿಗೆ ಹೋಗೋಣವೆಂದರೆ ಅವರು ಒಪ್ಪಲಿಲ್ಲ. ಅತ್ತ ಸೋದರಮಾವನವರು ಕರದಂಟಿನ ಪೆಟ್ಟಿಗೆಯ ರಟ್ಟಿನ ಮೇಲೆ ದೊಡ್ಡದಾಗಿ ‘ಕಿತ್ತೂರು’ ಎಂದು ಬರೆದು ಹುಡುಗನಿಗೆ ತಿದ್ದಲು ಕೊಟ್ಟಿದ್ದರು. ತ-ಕಾರದ ಒತ್ತು ಅವನಿಗೆ ಬಹಳ ಕಾಡಿತು.

ಮೂರನೆಯ ದಿನ ಸವದತ್ತಿ. ರಟ್ಟರ ಕಾಲದ ಸುಗಂಧವರ್ತಿ ಇದೇ. ಹದಿನೆಂಟನೆಯ ಶತಮಾನದಲ್ಲಿ ದೇಸಾಯರು ಕಟ್ಟಿಸಿದ ಎಂಟು ಕೊತ್ತಳದ ಕೋಟೆಯನ್ನು ಮಕ್ಕಳು ಸುತ್ತಿ ಬಂದು ಎಣಿಕೆ ಒಪ್ಪಿಸಿದರು. ತಾಯಿಯವರು ವಾಹನದಲ್ಲಿಯೇ ಕುಳಿತು ಆ ಎಣಿಕೆಯನ್ನು ಒಪ್ಪಿಕೊಂಡರು. ಗುಡ್ಡದ ದಿಕ್ಕಿಗೆ ತಿರುಗಿ ಎಲ್ಲಮ್ಮನಿಗೆ ಅಲ್ಲಿಂದಲೇ ಕೈಮುಗಿದರು. ಯರಗಟ್ಟಿಯ ಮೇಲೆ ಹಾಯ್ದು ತಿರುಗಿ ಬರುವಾಗ ಹಾದಿಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಹೊಲವೊಂದರ ಬದುವಿನಲ್ಲಿ ಕುಳಿತು ಉಳಿದ ಬುತ್ತಿಯನ್ನು ತೀರಿಸಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು.

ಇಂಥ ಪ್ರವಾಸವನ್ನು ಕೈಕೊಳ್ಳಬೇಕೆನ್ನುವ ಗೃಹಸ್ಥರಿಗೆ ಅನುಭವದ ನಾಲ್ಕು ಮಾತು ಹೇಳಬಹುದು. ದಿನಕ್ಕೆ ಎರಡು ಸ್ಥಳಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಮೊದಲ ದಿನ ಮೂರು ಮಾಡಿದ್ದಕ್ಕೆ ಎಲ್ಲರೂ ದಣಿದರು. ಹಿರಿಯರಿಗೆ ಕೂಡ್ರುವ ಆಸನ, ಗುಳಿಗೆ, ಕುಡಿಯುವ ನೀರು ಕೈಗೆ ಸಿಗುವಂತಿರಬೇಕು. ಶೌಚದ ಅನುಕೂಲವನ್ನು ಮುಂದಿನ ಊರಿನಲ್ಲಿ ನೋಡೋಣವೆನ್ನದೆ ಇದ್ದಲ್ಲಿಯೇ ವಿಚಾರಿಸಬೇಕು. ಏರಲಾಗದ ಕೋಟೆಯ ಬುಡದಲ್ಲಿ ಹಿರಿಯರ ಸಂಗಡ ಒಬ್ಬರು ಉಳಿಯಬೇಕು. ಏರಿದವರು ಬಂದು ಕಂಡದ್ದನ್ನು ಹೇಳಬೇಕು.

ಇವೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ನಮ್ಮ ತಾಯಿಯವರ ಮನಸ್ಸಿನಲ್ಲಿ ಕಿತ್ತೂರು ಇದ್ದದ್ದು ಎಂಬತ್ತೆರಡು ವರ್ಷಗಳವರೆಗೆ ನಮಗೆ ತಿಳಿದಿರಲಿಲ್ಲ; ಯಾರೂ ಕೇಳಿರಲಿಲ್ಲ, ಅವರಾಗಿ ಹೇಳಿರಲಿಲ್ಲ. ಪ್ರತಿ ಮನೆಯ ಹಿರಿಯರ ಮನಸ್ಸಿನಲ್ಲಿಯೂ ಹೆಸರು ಕೇಳಿ, ಪದ ಹಾಡಿ, ಕಣ್ಣಿನಿಂದ ನೋಡದೆ ಉಳಿದ ಒಂದು ಊರು ಇದ್ದೇ ಇರುವದು. ಅದು ಯಾವದೆಂದು ಇಂದು ಊಟಕ್ಕೆ ಕುಳಿತಾಗ ಕೇಳಿರಿ. ಅದು ಬಹುಶಃ ದೂರವಿರಲಿಕ್ಕಿಲ್ಲ.