ಮಾಕಳಿಯ ಒಂದು ಮನೆಯಲ್ಲಿ ಪರಮಪ್ರಸಾದ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯದ ಕಾರ್ಖಾನೆಗಳನ್ನೂ ಮಾದಾವರವನ್ನೂ ದಾಟಿದ ಮೇಲೆ, ನೆಲಮಂಗಲವನ್ನು ಸೇರುವುದಕ್ಕೆ ಮೊದಲು, ಮಾಕಳಿಯೆಂಬ ಊರು ಸಿಕ್ಕುವುದು. ದೊಡ್ಡಬಳ್ಳಾಪುರದ ಕಡೆಯ ಮಾಕಳಿದುರ್ಗವೇ ಬೇರೆ, ಇದೇ ಬೇರೆ. ಹಿಂದಿನ ತಲೆಮಾರಿನವರು ರಾಗಿಯನ್ನೂ ಅವರೆಯನ್ನೂ ಬೆಳೆಯುತ್ತಿದ್ದ ನೆಲದಲ್ಲಿ ಈಗ ಔಷಧದ ಕಾರ್ಖಾನೆ, ಉಗ್ರಾಣಗಳು, ಬಹು ಅಂತಸ್ತಿನ ಮನೆಗಳು ಎದ್ದಿರುವುವು. ೨೦೨೪ರ ನವೆಂಬರಿನಲ್ಲಿ ಮೆಟ್ರೋ ರೈಲು ಮಾದಾವರದವರೆಗೆ ಬಂದ ಮೇಲಂತೂ ಗೇಣು ನೆಲಕ್ಕೂ ಬಂಗಾರದ ಬೆಲೆ. ಬೆಲೆಯೇರಿದ ನೆಲವು ಅಣ್ಣತಮ್ಮಂದಿರನ್ನು ಏನು ಮಾಡುವುದೆಂಬುದನ್ನು ಮಹಾಭಾರತವನ್ನು ಓದಿದವರಿಗೆ ವಿವರಿಸಬೇಕಾದುದಿಲ್ಲ.

ಈ ಊರಿನ ಒಂದು ಓಣಿಯಲ್ಲಿ ಕಥೋಲಿಕ ಕ್ರೈಸ್ತರ ಮನೆಯೊಂದಿರುವುದು. ಯಜಮಾನನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರವನ್ನು ನಡೆಸುವವನು. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಹೆಂಡತಿ, ನಾಲ್ಕನೆಯ ತರಗತಿಯಲ್ಲಿ ಓದುವ ಒಬ್ಬಳು ಮಗಳು, ಎಂಬತ್ತನ್ನು ದಾಟಿದ ತಾಯಿ. ತಾಯಿಯು ಮೂರು ವರ್ಷಗಳ ಹಿಂದೆ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆಯನ್ನು ಮುರಿದುಕೊಂಡು ಹಾಸಿಗೆ ಹಿಡಿದಿರುವಳು. ದೇವಾಲಯಕ್ಕೆ ಹೋಗಿ ಬಲಿಪೂಜೆಯಲ್ಲಿ ಭಾಗವಹಿಸುವ ಶಕ್ತಿ ಅವಳಿಗಿಲ್ಲದ ಕಾರಣ, ತಿಂಗಳ ಮೊದಲನೆಯ ಶುಕ್ರವಾರ ದೇವಾಲಯವೇ ಅವಳಲ್ಲಿಗೆ ಬರುವುದು.

ಆ ದಿನದ ಬೆಳಗನ್ನು ನೋಡಬೇಕು. ಸೊಸೆಯು ಐದು ಗಂಟೆಗೇ ಎದ್ದು ನೆಲವನ್ನು ಸಾರಿಸುವಳು. ಹಾಸಿಗೆಯ ಪಕ್ಕದ ಮುಕ್ಕಾಲುಮಣೆಯ ಮೇಲೆ ಒಗೆದು ಇಸ್ತ್ರಿ ಮಾಡಿದ ಬಿಳಿಯ ಬಟ್ಟೆ. ಅದರ ಮೇಲೆ ಶಿಲುಬೆ, ಎರಡು ಮೇಣದ ಬತ್ತಿ, ಒಂದು ಬಟ್ಟಲು ನೀರು. ದೂರದರ್ಶನದ ಪೆಟ್ಟಿಗೆಯು ಬಾಯಿ ಮುಚ್ಚುವುದು. ಪಕ್ಕದ ಮನೆಯ ಒಕ್ಕಲಿಗರ ಹೆಂಗಸು, ತನ್ನ ಮತವು ಬೇರೆಯಾದರೂ, ಆ ಅರ್ಧ ಗಂಟೆ ಮಿಕ್ಸಿಯನ್ನು ತಿರುಗಿಸುವುದಿಲ್ಲ. ಯಾರೂ ಅವಳನ್ನು ಹಾಗೆಂದು ಕೇಳಿಕೊಂಡವರಲ್ಲ. ಗುರುಗಳು ಎದೆಯ ಮೇಲೆ ಪುಟ್ಟ ದುಂಡನೆಯ ಲೋಹದ ಡಬ್ಬಿಯನ್ನು ಇಟ್ಟುಕೊಂಡು, ದಾರಿಯಲ್ಲಿ ಯಾರೊಡನೆಯೂ ಮಾತನಾಡದೆ ಬರುವರು. ಡಬ್ಬಿಯಲ್ಲಿರುವುದು ಗೋದಿಯ ಹಿಟ್ಟು ಮತ್ತು ನೀರಿನಿಂದ ಮಾಡಿದ, ಉಪ್ಪೂ ಇಲ್ಲದ, ಹುದುಗೂ ಇಲ್ಲದ, ರೂಪಾಯಿಯಗಲದ ತೆಳುವಾದ ಬಿಲ್ಲೆ. ಕಣ್ಣಿಗೆ ಕಾಣುವುದಿಷ್ಟೇ.

ಈ ಬಿಲ್ಲೆಯನ್ನೇ ಕನ್ನಡ ಕಥೋಲಿಕರು ಪರಮಪ್ರಸಾದವೆಂದು ಕರೆಯುವರು. ಗ್ರೀಕ್ ಭಾಷೆಯ ಮೂಲಶಬ್ದಕ್ಕೆ ಕೃತಜ್ಞತಾಸಮರ್ಪಣೆಯೆಂದರ್ಥ. ಕನ್ನಡಿಗರು ಅದನ್ನು ಅನುವಾದಿಸದೆ ತಮ್ಮ ಮನೆಯ ಮಾತನ್ನೇ ಇಟ್ಟುಕೊಂಡುದು ಉಚಿತವಾಗಿಯೇ ಇರುವುದು. ಸಂಸ್ಕೃತದಲ್ಲಿ ಪ್ರಸಾದವೆಂದರೆ ಅನುಗ್ರಹವೂ ಹೌದು, ಕದಡಿದ ನೀರು ತಿಳಿಯಾಗುವಂತಹ ಪ್ರಸನ್ನತೆಯೂ ಹೌದು. ಆದರೆ ಶಬ್ದವೊಂದೇ ಆದ ಮಾತ್ರಕ್ಕೆ ಅರ್ಥವೂ ಒಂದೇ ಎಂದು ತಿಳಿಯಲಾಗದು. ನಮ್ಮ ದೇವಾಲಯಗಳ ಪ್ರಸಾದವು ದೇವರಿಗೆ ನೈವೇದ್ಯವಾಗಿ ಮರಳಿ ಬಂದ ಅನ್ನ. ಕಥೋಲಿಕರ ನಂಬಿಕೆಯಲ್ಲಿ ಇದು ದೇವರು ಮುಟ್ಟಿದ ಅನ್ನವಲ್ಲ, ದೇವರೇ. ರೊಟ್ಟಿಯ ಬಣ್ಣ, ರುಚಿ, ಆಕಾರಗಳು ಇದ್ದಂತೆಯೇ ಇದ್ದು ಅದರ ದ್ರವ್ಯವು ಮಾತ್ರ ಯೇಸುಸ್ವಾಮಿಯ ಶರೀರವಾಗಿ ಪರಿಣಮಿಸುವುದೆಂದು ೧೫೫೧ರಲ್ಲಿ ತ್ರೆಂತಿನ ಮಹಾಸಭೆಯು ನಿರ್ಣಯಿಸಿತು. ದ್ರವ್ಯವನ್ನು ಬಿಟ್ಟು ಗುಣವು ನಿಲ್ಲಲಾರದೆಂದು ತರ್ಕಸಂಗ್ರಹದಲ್ಲಿ ಓದಿದವನಿಗೆ ಇದು ನುಂಗಲಾರದ ತುತ್ತು. ಪಾಶ್ಚಾತ್ಯ ತಾರ್ಕಿಕರಿಗೂ ಇದು ಸುಲಭವಾಗಿ ಇಳಿದುದಲ್ಲ. ಮಾಕಳಿಯ ಅಜ್ಜಿಯಾದರೋ ದ್ರವ್ಯಗುಣಗಳ ಗೋಜಿಗೆ ಹೋದವಳಲ್ಲ. "ಸ್ವಾಮಿ ಮನೆಗೆ ಬರ್ತಾರೆ, ಗುಡಿಸಿ" ಎಂದು ಹಿಂದಿನ ರಾತ್ರಿ ಅವಳು ಹೇಳಿದರೆ, ಆ ಸ್ವಾಮಿ ಎಂಬ ಮಾತು ಗುರುಗಳನ್ನು ಕುರಿತದ್ದೋ ಡಬ್ಬಿಯಲ್ಲಿರುವವನನ್ನು ಕುರಿತದ್ದೋ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಅಜ್ಜಿಯ ತವರು ಹೆಸರಘಟ್ಟದ ದಾರಿಯ ಕಡೆಯ ಸಿಲುವೆಪುರ. ಸಿಲುವೆಯೆಂದರೆ ಶಿಲುಬೆ. ಧಾತು ಈಶ್ವರ ಸಂವತ್ಸರಗಳಲ್ಲಿ, ಎಂದರೆ ೧೮೭೬ರಿಂದ ೧೮೭೮ರವರೆಗೆ, ಮೈಸೂರು ಸೀಮೆಯನ್ನು ಬರಿದುಮಾಡಿದ ಮಹಾಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಫ್ರಾನ್ಸಿನಿಂದ ಬಂದ ಪಾದ್ರಿಗಳು ಸಾಕಿ, ನೆಲವನ್ನು ಕೊಂಡು ಬೇಸಾಯಕ್ಕೆ ನಿಲ್ಲಿಸಿ ಕಟ್ಟಿದ ಊರದು. ಹೊಟ್ಟೆಗಿಲ್ಲದೆ ಬಂದ ಮಕ್ಕಳ ಸಂತತಿಯು ಅನ್ನದ ರೂಪದಲ್ಲಿಯೇ ದೇವರನ್ನು ಪೂಜಿಸುವುದರಲ್ಲಿ ಆಶ್ಚರ್ಯವೇನು? ತೈತ್ತಿರೀಯದ ಭೃಗುವೂ ತಪಸ್ಸಿನ ಮೊದಲ ಮೆಟ್ಟಲಲ್ಲಿ ಅನ್ನವನ್ನೇ ಬ್ರಹ್ಮವೆಂದು ತಿಳಿದನು. ಅವನು ಅಲ್ಲಿಂದ ಮುಂದಕ್ಕೆ ಹೋದನೆಂಬುದು ಬೇರೆ ಮಾತು.

ಅಜ್ಜಿಯು ಎಂಟನೆಯ ವಯಸ್ಸಿನಲ್ಲಿ ಮೊದಲ ಸಲ ಪ್ರಸಾದವನ್ನು ಸ್ವೀಕರಿಸಿದಳು. ಮೊದಲು ಹತ್ತು ಹನ್ನೆರಡು ವರ್ಷ ತುಂಬಿದವರಿಗೇ ಕೊಡುವ ವಾಡಿಕೆಯಿದ್ದುದನ್ನು ತಗ್ಗಿಸಿ, ವಿವೇಕ ಬಂದ ಮಕ್ಕಳಿಗೆ ಏಳರ ಸುಮಾರಿನಲ್ಲಿಯೇ ಕೊಡಬಹುದೆಂದು ಹತ್ತನೆಯ ಪಿಯೂಸ್ ಜಗದ್ಗುರುಗಳು ೧೯೧೦ರಲ್ಲಿ ಅಪ್ಪಣೆ ಮಾಡಿದ್ದರು. ಅವಳ ಬಾಲ್ಯದಲ್ಲಿ ನಡುರಾತ್ರಿಯಿಂದ ಒಂದು ಗುಟುಕು ನೀರನ್ನೂ ಕುಡಿಯಕೂಡದೆಂಬ ನಿಯಮವಿದ್ದಿತು. ಹಲ್ಲುಜ್ಜುವಾಗ ಹನಿ ನೀರು ಗಂಟಲಿಗಿಳಿದೀತೆಂದು ಹೆದರಿ ಮಕ್ಕಳು ಬರಿಯ ಇದ್ದಲಿನಿಂದ ಉಜ್ಜಿ ಉಗುಳುತ್ತಿದ್ದರಂತೆ. ೧೯೫೩ರಲ್ಲಿ ನೀರಿಗೆ ಅಡ್ಡಿಯಿಲ್ಲವೆಂದಾಯಿತು. ೧೯೫೭ರಲ್ಲಿ ಉಪವಾಸವು ಮೂರು ಗಂಟೆಗೆ ಇಳಿಯಿತು. ೧೯೬೪ರಲ್ಲಿ ಒಂದೇ ಗಂಟೆಗೆ. ರೋಗಿಗಳಿಗೆ ಅದೂ ಕಡ್ಡಾಯವಲ್ಲ. ಅಜ್ಜಿಗೆ ಮಾತ್ರ ಈ ರಿಯಾಯಿತಿಗಳಾವುವೂ ತಲುಪಿದಂತಿಲ್ಲ. ಸಕ್ಕರೆ ಕಾಯಿಲೆಯವಳು ರಾತ್ರಿಯಿಂದ ಹಸಿದಿರಬಾರದೆಂದು ವೈದ್ಯರು ಗದರಿದರೆ ತಲೆಯಾಡಿಸಿ, ಮೊದಲ ಶುಕ್ರವಾರ ಬಂದೊಡನೆ ಮತ್ತೆ ಅದನ್ನೇ ಮಾಡುವಳು. ವ್ರತವನ್ನು ಬಿಡಿಸಲು ಯಾವ ಗುರುವಿಗೂ ಸಾಧ್ಯವಾಗದ ಏಕಾದಶಿಯ ಮುದುಕಿಯರನ್ನು ಬಲ್ಲವರು ಇವಳನ್ನು ಸುಲಭವಾಗಿ ಗುರುತಿಸುವರು.

ಆಗ ಬಲಿಪೂಜೆಯೆಲ್ಲವೂ ಲ್ಯಾಟಿನಿನಲ್ಲಿ. ಅರ್ಥವರಿಯದೆ ಕಂಠಪಾಠ ಮಾಡಿದ ಉತ್ತರಗಳು ಇಂದಿಗೂ ಅವಳ ನಾಲಗೆಯ ತುದಿಯಲ್ಲಿರುವುವು. ಪಾಠಶಾಲೆಯಲ್ಲಿ ಸ್ವರ ತಪ್ಪದೆ ಪನಸೆಗಳನ್ನು ಒಪ್ಪಿಸಿದ ಹುಡುಗರ ಗತಿಯೂ ಅದೇ ಆದುದರಿಂದ ಇದನ್ನು ನೋಡಿ ನಗುವ ಹಕ್ಕು ಎಲ್ಲರಿಗೂ ಇಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೩ರ ಡಿಸೆಂಬರಿನಲ್ಲಿ ದೇಶಭಾಷೆಗಳಿಗೆ ಬಾಗಿಲನ್ನು ತೆರೆಯಿತು. ಕೆಲವು ವರ್ಷಗಳಲ್ಲಿ ಕನ್ನಡವು ಬಲಿಪೀಠದ ಮೇಲೆ ಬಂದಿತು. ಮೊದಲ ದಿನ ಕೇಳಿದಾಗ ಹೇಗೆನಿಸಿತೆಂದು ಮೊಮ್ಮಗಳು ಕೇಳಿದುದಕ್ಕೆ ಅಜ್ಜಿ, "ಅಲ್ಲೀಗಂಟ ಸ್ವಾಮಿ ದೊರೆ ಇದ್ದಂಗಿದ್ದ ಕಣವ್ವ, ಅವತ್ತು ನಮ್ಮೋನಾದ" ಎಂದಳು.

ಇಷ್ಟು ಶ್ರದ್ಧೆಯ ಮನೆಯಲ್ಲಿ ಯಜಮಾನನು ಒಂಬತ್ತು ವರ್ಷಗಳಿಂದ ಪ್ರಸಾದವನ್ನು ಮುಟ್ಟಿರಲಿಲ್ಲ. ಭಾನುವಾರದ ಬಲಿಪೂಜೆಯನ್ನು ತಪ್ಪಿಸಿದವನಲ್ಲ. ರಾತ್ರಿ ಪಾಳಿಯನ್ನು ಮುಗಿಸಿ ಕಣ್ಣು ಕೆಂಪಾಗಿದ್ದರೂ ಬಂದು ನಿಲ್ಲುವನು. ಜನರು ಸಾಲಾಗಿ ಮುಂದಕ್ಕೆ ಹೋಗುವಾಗ ಮಾತ್ರ ಕೊನೆಯ ಕಂಬದ ಬಳಿ ತಲೆ ತಗ್ಗಿಸಿ ನಿಂತುಬಿಡುವನು. ಕಾರಣವು ಹೆದ್ದಾರಿಯ ಪಕ್ಕದ ಒಂದೂವರೆ ಎಕರೆ ನೆಲ. ತಂದೆಯು ತೀರಿದ ಮೇಲೆ ಅಣ್ಣನು ರಸ್ತೆಯ ಮುಖದ ಭಾಗವನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡು ಮಾರಿದನೆಂದು ತಮ್ಮನ ವಾದ. ತಂಗಿಯ ಮದುವೆಯ ಸಾಲವನ್ನು ತೀರಿಸಿದುದು ತಾನೆಂದು ಅಣ್ಣನ ವಾದ. ವಿಭಾಗದ ದಾವೆಯು ನ್ಯಾಯಾಲಯದಲ್ಲಿ ಇಂದಿಗೂ ನಡೆದಿರುವುದು. ಘೋರಪಾಪವು ಮನಸ್ಸಿನಲ್ಲಿರುವಾಗ ಪಾಪನಿವೇದನೆ ಮಾಡದೆ ಪ್ರಸಾದವನ್ನು ಸ್ವೀಕರಿಸಕೂಡದೆಂಬುದು ಧರ್ಮಸಭೆಯ ನಿಯಮ. ಸಂತ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಈ ಎಚ್ಚರಿಕೆಯಿರುವುದು. "ಹೊಟ್ಟೆಯೊಳಗೆ ಇದನ್ನ ಇಟ್ಕೊಂಡು ಬಾಯೊಳಗೆ ಅದನ್ನ ಇಟ್ಕೊಳ್ಳೋಕಾಗಲ್ಲ" ಎಂದು ಅವನು ಹೆಂಡತಿಗೆ ಒಮ್ಮೆ ಹೇಳಿದ್ದನು. ಮಾತು ಪ್ರಾಮಾಣಿಕವಾದುದೇ. ಆದರೆ ಅದರಲ್ಲಿ ಅಭಿಮಾನವೂ ಬೆರೆತಿತ್ತೆಂದು ಹೇಳಬೇಕಾಗುವುದು. ಏಕೆಂದರೆ ಅಣ್ಣನು ಪ್ರತಿ ಭಾನುವಾರ ಮೊದಲನೆಯ ಸಾಲಿನಿಂದೆದ್ದು ಪ್ರಸಾದವನ್ನು ಸ್ವೀಕರಿಸುತ್ತಿದ್ದನು, ಇವನು ಕಂಬದ ಬಳಿಯಿಂದ ಅದನ್ನು ಎಣಿಸುತ್ತಿದ್ದನು.

ಅಣ್ಣನು ತಾಯಿಯನ್ನು ನೋಡಲು ಬರುತ್ತಿರಲಿಲ್ಲವೆಂದಲ್ಲ. ತಮ್ಮನು ಪಾಳಿಗೆ ಹೋದ ಮೇಲೆ ಬಂದು, ಹಣ್ಣನ್ನೋ ಔಷಧವನ್ನೋ ತಲೆದಿಂಬಿನ ಬಳಿ ಇಟ್ಟು, ಹತ್ತು ನಿಮಿಷ ಕುಳಿತು ಹೋಗುವನು. ಮನೆಗೆ ಬಂದ ತಮ್ಮನು ತಾನು ತರದ ಕಿತ್ತಳೆಯನ್ನು ನೋಡಿಯೂ ನೋಡದಂತಿರುವನು. ಇದೂ ಒಂಬತ್ತು ವರ್ಷಗಳ ಪದ್ಧತಿಯೇ.

ಹೀಗಿರಲು ಹುಡುಗಿಯ ಸರದಿ ಬಂದಿತು. ಮೊದಲ ಪರಮಪ್ರಸಾದಕ್ಕೆ ಮಕ್ಕಳನ್ನು ಸಿದ್ಧಪಡಿಸುವ ತರಗತಿಗೆ ಅವಳು ಭಾನುವಾರಗಳಲ್ಲಿ ಹೋಗತೊಡಗಿದಳು. ಕಲಿತುದನ್ನು ಮನೆಗೆ ಬಂದು ಅಜ್ಜಿಗೆ ಒಪ್ಪಿಸುವಳು, ಅಜ್ಜಿಯು ತಿದ್ದುವಳು. ಬಿಲ್ಲೆಯನ್ನು ಗೋದಿಯಲ್ಲಿಯೇ ಏಕೆ ಮಾಡಬೇಕು, ನಮ್ಮ ರಾಗಿಯಲ್ಲಿ ಏಕೆ ಬಾರದು ಎಂದು ಅವಳು ತರಗತಿಯಲ್ಲಿ ಕೇಳಿ ಎಲ್ಲರನ್ನೂ ನಗಿಸಿದಳಂತೆ. ನಗುವಂತಹ ಪ್ರಶ್ನೆಯಲ್ಲ ಅದು. ೧೯೮೩ರ ಧರ್ಮಸಭೆಯ ಶಾಸನಸಂಹಿತೆಯು ಶುದ್ಧ ಗೋದಿಯನ್ನೇ ವಿಧಿಸಿರುವುದು. ಯೇಸುಸ್ವಾಮಿಯ ಕೊನೆಯ ಭೋಜನದ ರೊಟ್ಟಿಯ ಪರಂಪರೆಯದು. ರಾಗಿ ಉಂಡು ಬೆಳೆದ ನಾಡಿನ ಮಗುವಿಗೆ ದೇವರು ಪರದೇಶದ ಧಾನ್ಯದಲ್ಲಿ ಬರುವುದು ವಿಚಿತ್ರವಾಗಿ ತೋರಿದರೆ ತಪ್ಪೇನು? ಅಜ್ಜಿಯ ಸಮಾಧಾನ ಬೇರೆಯಾಗಿತ್ತು: "ನೆಂಟರ ಮನೆಗೆ ಹೋದಾಗ ಅವರು ಬಡಿಸಿದ್ದು ಉಣ್ಣಬೇಕು ಮಗ."

ಒಂದು ಸಂಜೆ ಹುಡುಗಿಯು ತಂದೆಯನ್ನು ಕೇಳಿದಳು: "ಅಪ್ಪ, ಆವತ್ತು ನೀನೂ ನನ್ನ ಜೊತೆ ತಗೋತೀಯ ತಾನೆ? ಎಲ್ಲರ ಅಪ್ಪ ಅಮ್ಮನೂ ತಗೋತಾರಂತೆ." ಅವನು ಬೂಟಿನ ದಾರವನ್ನು ಕಟ್ಟಿಕೊಳ್ಳುತ್ತಿದ್ದನು. ಉತ್ತರ ಕೊಡದೆ ಪಾಳಿಗೆ ಹೊರಟುಹೋದನು.

ಮುಂದಿನ ಮೊದಲ ಶುಕ್ರವಾರ, ಅಜ್ಜಿಗೆ ಪ್ರಸಾದವನ್ನು ಕೊಟ್ಟು ಹೊರಟ ಗುರುಗಳನ್ನು ಅವನು ಓಣಿಯ ತಿರುವಿನವರೆಗೆ ಕಳುಹಿಸಲು ಹೋಗಿ, ದಾವೆಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ತಾನು ಪ್ರಸಾದಕ್ಕೆ ಯೋಗ್ಯನಾಗುವೆನೋ ಎಂದು ಕೇಳಿದನು. ಗುರುಗಳು ವಯಸ್ಸಿನಲ್ಲಿ ಅವನಿಗಿಂತ ಕಿರಿಯರು. ನ್ಯಾಯವನ್ನು ಕೇಳುವುದು ಪಾಪವಲ್ಲ, ಕೇಳುತ್ತ ಕೇಳುತ್ತ ಅಣ್ಣನು ಹಾಳಾಗಲೆಂದು ಹಾರೈಸಿದ್ದರೆ ಅದು ಪಾಪ ಎಂದರು. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ಒಂದಾಗಬೇಕೆಂಬ ಶುಭಸಂದೇಶದ ಮಾತನ್ನು ನೆನಪಿಸಿದರು. ತಪ್ಪು ಯಾರದೆಂದು ಆ ಮಾತಿನಲ್ಲಿ ಇಲ್ಲವೆಂದೂ, ಹೊರಡುವವನು ಯಾರೆಂಬುದಷ್ಟೇ ಇರುವುದೆಂದೂ ಹೇಳಿ ನಡೆದರು.

ಒಳಗೆ ಬಂದ ಮಗನಿಗೆ ತಾಯಿಯು, ಏನೊಂದನ್ನೂ ಕೇಳಿಸಿಕೊಳ್ಳದಿದ್ದವಳು, ಹೇಳಿದಳು: "ಉಣ್ಣೋಕೆ ಇಬ್ಬರನ್ನೂ ಕರೆದವ್ನೆ ಕಣಪ್ಪ. ಒಬ್ಬ ಉಣ್ಣೋದು ಒಬ್ಬ ಬಾಗ್ಲಲ್ಲಿ ನಿಲ್ಲೋದು, ಹೆತ್ತೋಳಿಗೆ ನೋಡೋಕಾಗಲ್ಲ."

ಶನಿವಾರ ಸಂಜೆ ಅವನು ಹೆದ್ದಾರಿಯನ್ನು ದಾಟಿ ಅಣ್ಣನ ಮನೆಗೆ ಹೋದನು. ಅತ್ತಿಗೆಯು ಬಾಗಿಲನ್ನು ತೆರೆದು, ಏನು ಹೇಳಬೇಕೆಂದು ತೋಚದೆ, ಕಾಫಿ ಮಾಡಲು ಒಳಗೆ ಹೋದಳು. "ದಾವೆ ಅದರ ಪಾಡಿಗೆ ನಡೀಲಿ ಅಣ್ಣ. ನಾಳೆ ಮಗೂದು ಮೊದಲನೆ ಪ್ರಸಾದ. ನಿನ್ನ ಮೇಲೆ ವಿಷ ಇಟ್ಕೊಂಡಿದ್ದೆ, ಅದನ್ನ ಇಲ್ಲಿ ಬಿಟ್ಟು ಹೋಗೋಕೆ ಬಂದೆ" ಎಂದನು. ಅಣ್ಣನು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ, "ನಾನು ವಾರಾ ವಾರಾ ತಗೋತಿದ್ದೆ. ನೀನು ಕಂಬದ ಹತ್ರ ನಿಂತಿರೋದು ಬೆನ್ನಿಗೆ ಗೊತ್ತಾಗ್ತಿತ್ತು. ಸಲೀಸಾಗಿ ಇಳೀತಿತ್ತು ಅಂದ್ಕೋಬೇಡ" ಎಂದನು. ಖಾತೆಯ ವಿಷಯವಾಗಿ ಇಬ್ಬರೂ ಒಂದಕ್ಷರವನ್ನೂ ಆಡಲಿಲ್ಲ. ಅಲ್ಲಿಂದ ಅವನು ನೆಟ್ಟಗೆ ದೇವಾಲಯಕ್ಕೆ ಹೋಗಿ ಪಾಪನಿವೇದನೆಯ ಸಾಲಿನಲ್ಲಿ ನಿಂತನು.

ಭಾನುವಾರ ಬಿಳಿಯ ಉಡುಪಿನ ಮಕ್ಕಳು ಮೇಣದ ಬತ್ತಿಗಳನ್ನು ಹಿಡಿದು ಬಂದರು. ಹುಡುಗಿಯ ಹಿಂದೆ ತಾಯಿ, ತಾಯಿಯ ಹಿಂದೆ ತಂದೆ. ಅಣ್ಣನು ಅಂದು ಮೊದಲನೆಯ ಸಾಲಿನಲ್ಲಿ ಕುಳಿತಿರಲಿಲ್ಲ. ಎಲ್ಲರೂ ಹೋದ ಮೇಲೆ ಕೊನೆಯಲ್ಲಿ ಎದ್ದು ಬಂದನು. ರುಚಿ ಹೇಗಿತ್ತೆಂದು ಜೊತೆಯ ಹುಡುಗರು ಕೇಳಿದುದಕ್ಕೆ ಹುಡುಗಿಯು ಏನೂ ರುಚಿಯಿಲ್ಲವೆಂದು ನಿಜವನ್ನೇ ಹೇಳಿ, ಅಪ್ಪ ಅತ್ತುದನ್ನು ಮಾತ್ರ ಹೇಳಲಿಲ್ಲ.

ಬಲಿಪೂಜೆಯು ಮುಗಿದ ಮೇಲೆ ಗುರುಗಳು ಡಬ್ಬಿಯೊಂದಿಗೆ ಮಾಕಳಿಯ ಮನೆಗೆ ಬಂದರು. ಎರಡು ಮನೆಯವರೂ ಜೊತೆಯಲ್ಲಿ ಬಂದರು. ಸಣ್ಣ ಕೋಣೆಯಲ್ಲಿ ಮಂಡಿಯೂರಲು ಸ್ಥಳ ಸಾಲದೆ ಮಕ್ಕಳು ಹೊಸ್ತಿಲ ಹೊರಗೆ ಕುಳಿತರು. ಅಜ್ಜಿಯು ಪ್ರಸಾದವನ್ನು ಹಳೆಯ ಪದ್ಧತಿಯಂತೆ ನಾಲಗೆಯ ಮೇಲೆಯೇ ಸ್ವೀಕರಿಸಿ ಕಣ್ಣು ಮುಚ್ಚಿದಳು. ಗುರುಗಳು ಹೋದ ಮೇಲೆ ನೀರು ಕೇಳಿದಾಗ ಕೈ ನಡುಗುತ್ತಿತ್ತು. ಹಿಂದಿನ ರಾತ್ರಿಯಿಂದ ಏನನ್ನೂ ಮುಟ್ಟಿರಲಿಲ್ಲವೆಂದು ಆಗ ತಿಳಿಯಿತು. ಇಬ್ಬರು ಮಕ್ಕಳೂ ಒಂದೇ ಉಸಿರಿನಲ್ಲಿ ಅವಳನ್ನು ಗದರಿದರು. ಹಿರಿಯನು ಓಡಿ ಹೋಗಿ ಗಂಜಿಯ ಬಟ್ಟಲನ್ನು ತಂದನು, ಕಿರಿಯನು ತಲೆಯನ್ನು ಎತ್ತಿ ಹಿಡಿದನು.

ದಾವೆಯ ಮುಂದಿನ ವಾಯಿದೆ ಬರುವ ತಿಂಗಳು ಇರುವುದು. ಆ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುವರೆಂದು ಅಜ್ಜಿ ನಂಬಿರುವಳು. ಸೊಸೆಗೆ ಅಷ್ಟು ನಂಬಿಕೆಯಿಲ್ಲ. ಆದರೂ ಕಿತ್ತಳೆಯ ಹಣ್ಣುಗಳು ಈಗ ಹಗಲಿನಲ್ಲಿಯೇ ಬರುತ್ತಿರುವುವು.